ಇಲ್ಲಿ ‘ಬ್ಯಾಕ್’ ಅನ್ನೋದಿಲ್ಲ, ತಮ್ಮಾ

ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಮಷೀನ್ ಲರ್ನಿಂಗ್ ಎಂ.ಎಸ್ಸಿ.ಗೆ ಸೀಟು ಸಿಕ್ಕಿದೆ, ಅಕ್ಟೋಬರಿಗೆ ಹೊರಡಬೇಕು ಅಂತ ಬರೆದಿದ್ದೀಯ. ‘ಅಕ್ಕಾರ, ತಿಂಗಳಿಗೆ 992 ಯೂರೋ ಸಾಕಾಗ್ತದೇನ್ರಿ? ರೂಮು ಎಲ್ಲಿ ನೋಡ್ಲಿ? ಏನೇನು ಕಟ್ಕೊಂಡು ಬರ್ಲಿ? ಜರ್ಮನ್ ಬರದಿದ್ರ ನಡೀತದೇನು? ಪಾರ್ಟ್ ಟೈಮ್ ಕೆಲಸ ಸಿಗ್ತದೇನು?’ ಐದು ಪ್ರಶ್ನೆ ಕೇಳಿದ್ದೀಯ, ಓದಿನ ಬಗ್ಗೆ ಒಂದೂ ಇಲ್ಲ. ಬರುವಾಗ ನಾನೂ ಕೇಳಿರಲಿಲ್ಲ. ರೈಲಿಳಿದ ಸಂಜೆ ಸೂಟ್‌ಕೇಸ್ ಹಿಡಿದು ನೆಕ್ಕರ್ ಸೇತುವೆ ಮೇಲೆ ನಿಂತು, ನದಿಗೆ ಮುಖ ಮಾಡಿದ ಹಳೇ ಮನೆಗಳ ಸಾಲು ನೋಡಿದಾಗ, ಇಂಥ ಊರಲ್ಲಿ ಓದು ತಾನಾಗಿಯೇ ಆಗುತ್ತದೆ ಅನ್ನಿಸಿತ್ತು. ಅದಕ್ಕೇ ನೀನು ಕೇಳಿದ್ದಕ್ಕೆ ಚಿಕ್ಕದಾಗಿ, ಕೇಳದೆ ಬಿಟ್ಟಿದ್ದಕ್ಕೆ ಉದ್ದವಾಗಿ ಬರೆಯುತ್ತೇನೆ.

ಮೊದಲು ದುಡ್ಡು. ವೀಸಾಕ್ಕಾಗಿ ಮೊದಲೇ ತುಂಬಿಟ್ಟು, ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಬ್ಲಾಕ್ಡ್ ಅಕೌಂಟಿನಲ್ಲಿ ಇಡುವ 11,904 ಯೂರೋವನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ಬರುವುದೇ ಆ 992. ಆದರೆ ಈ ಲೆಕ್ಕದಲ್ಲಿ ಫೀಸು ಸೇರಿಲ್ಲ. ಜರ್ಮನಿಯಲ್ಲಿ ಓದು ಪುಕ್ಕಟೆ ಅಂತ ಊರಲ್ಲಿ ಹೇಳುತ್ತಾರಲ್ಲ, ಟ್ಯೂಬಿಂಗನ್ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯಕ್ಕೆ ಅದು ಅನ್ವಯಿಸುವುದಿಲ್ಲ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವವರು ಸೆಮಿಸ್ಟರಿಗೆ 1500 ಯೂರೋ ಕಟ್ಟಬೇಕು. ತಿಂಗಳಿಗೆ ಇಳಿಸಿದರೆ 250. ಆರೋಗ್ಯ ವಿಮೆಗೆ ಸುಮಾರು 150. ಎರಡನ್ನೂ 992ರಲ್ಲೇ ಕಳೆದರೆ ಬಾಡಿಗೆ, ಊಟ, ಬಸ್ಸು ಎಲ್ಲಕ್ಕೂ ಸೇರಿ 600ಕ್ಕಿಂತ ಕಡಿಮೆ ಉಳಿಯುತ್ತದೆ, ಅದು ಸಾಲುವುದಿಲ್ಲ. ಹಾಗಾಗಿ ಮೊದಲ ವರ್ಷದ ಫೀಸು 3000 ಯೂರೋವನ್ನು ಮನೆಯವರೊಡನೆ ಕೂತು ಬೇರೆಯಾಗಿಯೇ ಹೊಂದಿಸಿಕೊ. ಇನ್ನೊಂದು ತೊಡಕು ಇದೆ. ಬ್ಲಾಕ್ಡ್ ಅಕೌಂಟಿನ ಹಣ ಕೈಗೆ ಬರಲು ಇಲ್ಲಿ ಒಂದು ಚಾಲ್ತಿ ಖಾತೆ ಬೇಕು, ಎಷ್ಟೋ ಬ್ಯಾಂಕುಗಳು ಅದಕ್ಕೆ ವಿಳಾಸ ನೋಂದಣಿಯ ಕಾಗದ ಕೇಳುತ್ತವೆ, ಆ ನೋಂದಣಿಗೆ ಮನೆ ಬೇಕು. ಈ ಸರಪಳಿ ಮುಗಿಯಲು ನಾಲ್ಕಾರು ವಾರ ಹಿಡಿದರೆ ಗಾಬರಿಯಾಗಬೇಡ, ಆದರೆ ಅಷ್ಟು ದಿನದ ಖರ್ಚು ಫಾರೆಕ್ಸ್ ಕಾರ್ಡಿನಲ್ಲಿ ಇರಲಿ. ಕೋಣೆಯ ಠೇವಣಿಯನ್ನೂ ಅದರಲ್ಲೇ ಕೊಡಬೇಕಾಗುತ್ತದೆ. ಕಾನೂನಿನ ಪ್ರಕಾರ ಅದು ಮೂರು ತಿಂಗಳ ಮೂಲ ಬಾಡಿಗೆಯವರೆಗೂ ಇರಬಹುದು.

ರೂಮು: ಪ್ರವೇಶ ಪತ್ರ ಕೈಗೆ ಬಂದ ದಿನವೇ ವಿದ್ಯಾರ್ಥಿಗಳ ವಸತಿ, ಊಟ ನೋಡಿಕೊಳ್ಳುವ ಸಂಸ್ಥೆಯಾದ ಶ್ಟುಡೀರೆಂಡನ್‌ವೆರ್ಕ್‌ನ ಹಾಸ್ಟೆಲ್ಲಿಗೆ ಅರ್ಜಿ ಹಾಕು. ನಾಳೆ ನೋಡಿದರಾಯಿತು ಅನ್ನಬೇಡ. ನೀನು ಫೋಟೋದಲ್ಲಿ ನೋಡಿರುವ ನದಿ ದಂಡೆಯ ಮರದ ಚೌಕಟ್ಟಿನ ಮನೆಗಳು ವಿದ್ಯಾರ್ಥಿಯ ಕೈಗೆ ಎಟುಕುವುದು ಅಪರೂಪ. ಸಾಮಾನ್ಯವಾಗಿ ಸಿಗುವುದು ಊರ ಮೇಲಿನ ಗುಡ್ಡದ ವಾಲ್ಡ್‌ಹಾಯ್ಸರ್ ಓಸ್ಟ್‌ನ ಕಾಂಕ್ರೀಟು ಕಟ್ಟಡಗಳಲ್ಲಿ ಒಂದು ಕೋಣೆ. ಬೇಜಾರಾಗಬೇಡ, ವಿಜ್ಞಾನದ ಕ್ಯಾಂಪಸ್ಸೂ ಮೋರ್ಗೆನ್‌ಶ್ಟೆಲ್ಲೆ ಗುಡ್ಡದ ಮೇಲೆಯೇ ಇರುವುದು. ಹಳೇ ಊರಿಗೆ ಸಂಜೆ ಇಳಿದರೆ ಸಾಕು. ಕೋಣೆ ಸೇರಿದ ಎರಡು ವಾರದೊಳಗೆ, ಮನೆ ಕೊಟ್ಟವರು ಸಹಿ ಹಾಕಿದ ದೃಢೀಕರಣ ಪತ್ರ ಹಿಡಿದು ವಿಳಾಸ ನೋಂದಾಯಿಸು.

ಅಂಚೆ ಡಬ್ಬಿಯ ಮೇಲೆ ನಿನ್ನ ಹೆಸರು ಅಂಟಿಸುವುದನ್ನು ಮಾತ್ರ ಮೊದಲ ದಿನವೇ ಮಾಡು. ಇಲ್ಲಿ ಪೋಸ್ಟ್‌ಮ್ಯಾನ್ ಮನೆ ನಂಬರಿಗಿಂತ ಹೆಸರು ನೋಡುತ್ತಾನೆ, ಹೆಸರಿಲ್ಲದಿದ್ದರೆ ಕಾಗದ ವಾಪಸ್. ಬ್ಯಾಂಕಿನ ಪಿನ್, ವಿಮೆಯ ಕಾರ್ಡು, ತೆರಿಗೆ ಸಂಖ್ಯೆ ಎಲ್ಲ ಬರುವುದು ಅಂಚೆಯಲ್ಲೇ. ನಮ್ಮ ಇನಿಷಿಯಲ್ ಇಲ್ಲಿ ತುಂಬ ತೊಂದರೆ ಕೊಡುತ್ತದೆ. ಊರಲ್ಲಿ ನಿನ್ನ ಹೆಸರಿನ ಹಿಂದೆ ಒಂದಕ್ಷರವಾಗಿದ್ದ ಅಪ್ಪನ ಹೆಸರೋ ಮನೆತನದ ಹೆಸರೋ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಆಗಿ ಬಿಡಿಸಿ ಕೂತಿರುತ್ತದೆ, ಕಚೇರಿಗಳು ಆ ಹೆಸರಿಗೇ ಬರೆಯುತ್ತವೆ. ಡಬ್ಬಿಯ ಮೇಲೆ ಗೆಳೆಯರು ಕರೆಯುವ ಹೆಸರಷ್ಟೇ ಇದ್ದರೆ ಆ ಕಾಗದ ನಿನ್ನನ್ನು ಮುಟ್ಟುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ, ಎರಡೂ ಹೆಸರು ಬರೆದು ಅಂಟಿಸು.

ಖಾಸಗಿ ಮನೆಯಲ್ಲಿ ಕೋಣೆ ಸಿಕ್ಕರೆ ಬಾಗಿಲ ಹಿಡಿಗೆ ‘ಕೇರ್‌ವೋಖೆ’ ಅಂತ ಬರೆದ ಪುಟ್ಟ ಹಲಗೆ ತೂಗುವ ವಾರ ಬರುತ್ತದೆ. ಆ ವಾರ ಮೆಟ್ಟಿಲು, ಪಡಸಾಲೆ ಗುಡಿಸಿ ಒರೆಸುವ ಸರದಿ ನಿನ್ನದು. ಮೇಲಿನ ಮೆಟ್ಟಿಲಿಂದ ಕೆಳಕ್ಕೆ ಬಾ, ಮೂಲೆಗಳನ್ನು ಬಿಡಬೇಡ, ಶನಿವಾರದೊಳಗೆ ಮುಗಿಸಿ ಹಲಗೆಯನ್ನು ಪಕ್ಕದ ಬಾಗಿಲಿಗೆ ದಾಟಿಸು. ದಿನಾ ಬೆಳಗ್ಗೆ ಅಂಗಳ ಗುಡಿಸಿ ನೀರು ಹಾಕುವ ಮನೆಯಿಂದ ಬಂದವನಿಗೆ ಇದು ಭಾರವಲ್ಲ. ಚೊಕ್ಕಟವಾಗಿ ಮಾಡಿದರೆ ನೆರೆಯವರ ಮುಖ ಸಡಿಲಾಗುವುದನ್ನು ನೀನೇ ನೋಡುತ್ತೀ.

ಸಾಮಾನಿನ ಬಗ್ಗೆ. ಅವ್ವ ಎಷ್ಟೇ ಅಂದರೂ ಧಾರವಾಡ ಪೇಡೆ, ಕುಂದಾ, ತುಪ್ಪ ಕಟ್ಟಿಸಿಕೊಳ್ಳಬೇಡ. ಹಾಲಿನ ಪದಾರ್ಥವನ್ನೂ ಮಾಂಸವನ್ನೂ ಹೊರದೇಶದಿಂದ ಪ್ರಯಾಣಿಕರು ಒಳಗೆ ತರುವಂತಿಲ್ಲ, ಕಸ್ಟಮ್ಸ್‌ನವರು ಕಿತ್ತುಕೊಳ್ಳುತ್ತಾರೆ. ಹಸಿ ಕರಿಬೇವಿಗೂ ಸಸ್ಯ ಆರೋಗ್ಯದ ಪ್ರಮಾಣ ಪತ್ರ ಕೇಳುತ್ತಾರೆ, ಒಣಗಿಸಿ ತಾ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮಸಾಲೆ ಖಾರ, ಖಡಕ್ ರೊಟ್ಟಿ ಬರಲಿ. ಕುಕ್ಕರ್ ತರುವುದಾದರೆ ಇಂಡಕ್ಷನ್ ತಳದ ಸ್ಟೀಲಿನದೇ ಆಗಲಿ, ಬರಿಯ ಅಲ್ಯುಮಿನಿಯಂ ಇಂಡಕ್ಷನ್ ಒಲೆಯ ಮೇಲೆ ಬಿಸಿಯೇ ಆಗುವುದಿಲ್ಲ. ಒಂದು ಸ್ಟೀಲ್ ಡಬ್ಬಿಯೂ ಇರಲಿ. ಈ ಊರಲ್ಲಿ 2022ರಿಂದ ಬಿಸಾಡುವ ಲೋಟ, ತಟ್ಟೆಗಳ ಮೇಲೆ ಒಂದಕ್ಕೆ 50 ಸೆಂಟ್ ತೆರಿಗೆಯಿದೆ. ಒಗ್ಗರಣೆ ಹಾಕುವಾಗ ಕಿಟಕಿ ತೆರೆ, ಕೋಣೆಯ ಬಾಗಿಲು ಮುಚ್ಚು. ಸಾಸಿವೆ, ಮೆಣಸಿನಕಾಯಿ ಹೊಗೆಗೆ ಹೊಗೆ ಗಂಟೆ ಕೂಗುತ್ತದೆ.

ಕೆಲಸ: ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯಲು ಬಿಡುತ್ತಾರೆ. ಮೊದಲ ಸೆಮಿಸ್ಟರಿನಲ್ಲಿ ಹುಡುಕಬೇಡ. ಕಾರಣ ಮುಂದೆ ಗೊತ್ತಾಗುತ್ತದೆ.

ಜರ್ಮನ್: ನಿನ್ನ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ, ಬದುಕು ಜರ್ಮನ್‌ನಲ್ಲಿ. ಧಾರವಾಡದಲ್ಲಿ ಕಿಟ್ಟೆಲ್ ಹೆಸರಿನ ಕಾಲೇಜು ನೋಡಿದ್ದೀಯಲ್ಲ, ಆ ಫರ್ಡಿನಾಂಡ್ ಕಿಟ್ಟೆಲ್‌ಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದು ಇದೇ ವಿಶ್ವವಿದ್ಯಾಲಯ. ಅವರು 1903ರಲ್ಲಿ ತೀರಿಕೊಂಡದ್ದೂ ಇದೇ ಊರಲ್ಲಿ. ‘ಮಂಗಳೂರ ಸಮಾಚಾರ’ ಹೊರಡಿಸಿದ ಮೊಗ್ಲಿಂಗ್ ಓದಿದ್ದು ಇಲ್ಲಿ. ಜರ್ಮನಿಯಿಂದ ನಮ್ಮ ಕಡೆ ಬಂದವರು ಅಕ್ಷರದಿಂದ ಶುರು ಮಾಡಿ, 1894ರ ಹೊತ್ತಿಗೆ ನಮಗೇ ನಿಘಂಟು ಕಟ್ಟಿಕೊಟ್ಟರು. ಅಲ್ಲಿಂದ ಇಲ್ಲಿಗೆ ಬರುವ ನಾವು ಎ2 ಮಟ್ಟದ, ಅಂದರೆ ಕಲಿಕೆಯ ಎರಡನೇ ಮೆಟ್ಟಿಲಿನ ಜರ್ಮನ್ನನ್ನೂ ಕಲಿಯದೆ ಎರಡು ವರ್ಷ ಕಳೆದರೆ ನನಗೆ ಸಂಕಟವಾಗುತ್ತದೆ. ಊರಲ್ಲಿರುವಾಗಲೇ ಮೊದಲ ಮೆಟ್ಟಿಲು ಎ1 ಮುಗಿಸಿ ಬಾ.

ಇನ್ನು ನೀನು ಕೇಳದೇ ಇದ್ದದ್ದು. ವಿಟಿಯು ನೆರಳಲ್ಲಿ ಓದಿದ ನಮಗೆ ಒಂದು ಧೈರ್ಯ ಅಂಟಿಕೊಂಡಿರುತ್ತದೆ: ಒಂದು ಪೇಪರ್ ಹೋಯಿತಾ, ಬ್ಯಾಕ್ ಉಳಿಯಿತು, ಮುಂದಿನ ಸಲ ಬರೆದರಾಯಿತು. ಆ ಧೈರ್ಯವನ್ನು ಬೆಂಗಳೂರು ವಿಮಾನ ನಿಲ್ದಾಣದಲ್ಲೇ ಬಿಟ್ಟು ಬಾ. ಇಲ್ಲಿ ಪ್ರತಿ ಪರೀಕ್ಷೆಗೂ ಎಷ್ಟು ಸಲ ಕೂರಬಹುದು ಅನ್ನುವುದಕ್ಕೆ ಎಣಿಕೆ ಇದೆ. ಕೊನೆಯ ಅವಕಾಶದಲ್ಲೂ ಕಡ್ಡಾಯ ವಿಷಯ ಕೈಕೊಟ್ಟರೆ ಆ ಕೋರ್ಸಿನಲ್ಲಿ ಪರೀಕ್ಷೆ ಬರೆಯುವ ಹಕ್ಕೇ ಹೋಗುತ್ತದೆ, ಹೆಸರು ತೆಗೆಯುತ್ತಾರೆ. ಅದೇ ಕೋರ್ಸನ್ನು ಜರ್ಮನಿಯ ಬೇರೆ ವಿಶ್ವವಿದ್ಯಾಲಯದಲ್ಲಿ ಮುಂದುವರಿಸುವುದಕ್ಕೂ ಅದು ಅಡ್ಡ ಬರುತ್ತದೆ. ನಿನ್ನ ವೀಸಾ ನಿಂತಿರುವುದು ಓದಿನ ಮೇಲೆ ಅನ್ನುವುದನ್ನೂ ನೆನಪಿಡು.

ಎಡವುವುದು ದಡ್ಡರಲ್ಲ, ತಾರೀಖು ತಪ್ಪಿಸಿಕೊಂಡವರು. ಕ್ಲಾಸಿಗೆ ಹೋಗುತ್ತಿದ್ದೀ ಅಂದಮಾತ್ರಕ್ಕೆ ಪರೀಕ್ಷೆಗೆ ನಿನ್ನ ಹೆಸರು ಸೇರುವುದಿಲ್ಲ. ‘ಆಲ್ಮಾ’ ಅನ್ನುವ ಪೋರ್ಟಲ್ಲಿನಲ್ಲಿ ನೀನೇ ನೋಂದಾಯಿಸಬೇಕು, ಅದಕ್ಕೊಂದು ಕೊನೆ ದಿನ. ತಯಾರಿ ಆಗಿಲ್ಲ ಅನ್ನಿಸಿದರೆ ಹೆಸರು ಹಿಂತೆಗೆದುಕೊಳ್ಳಬಹುದು, ಅದಕ್ಕೂ ಒಂದು ಕೊನೆ ದಿನ. ಆ ದಿನ ದಾಟಿದ ಮೇಲೆ ಹಾಲ್‌ಗೆ ಹೋಗದೆ ಕೂತರೆ 5.0 ಬೀಳುತ್ತದೆ, ಅಂದರೆ ನಪಾಸು, ಒಂದು ಅವಕಾಶ ಖರ್ಚು. ಜ್ವರ ಬಂದರೆ ಕಷಾಯ ಕುಡಿದು ಮಲಗುವುದು ನಮ್ಮ ರೂಢಿ. ಇಲ್ಲಿ ಪರೀಕ್ಷೆಯ ದಿನ ಜ್ವರ ಬಂದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ ಸರ್ಟಿಫಿಕೇಟ್ ಬರೆಸಿ, ತಡ ಮಾಡದೆ ಪರೀಕ್ಷಾ ಕಚೇರಿಗೆ ಮುಟ್ಟಿಸು. ವಾರ ಬಿಟ್ಟು ತಂದರೆ ಕೇಳುವವರಿಲ್ಲ.

ಅಂಕಗಳು ಇಲ್ಲಿ ತಲೆಕೆಳಗು. 1.0 ಎಲ್ಲಕ್ಕಿಂತ ಮೇಲು, 4.0 ಪಾಸಿನ ಗಡಿ. 1.7 ಬಂದರೆ ಖುಷಿಪಡಬೇಕು ಅಂತ ಮನೆಯಲ್ಲಿ ಮೊದಲೇ ಹೇಳಿಡು. ಒಮ್ಮೆ ಪಾಸಾದ ವಿಷಯವನ್ನು ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಲು ಸಾಮಾನ್ಯವಾಗಿ ಬಿಡುವುದಿಲ್ಲ, ಹಾಗಾಗಿ ಅರೆಬರೆ ಓದಿ 3.7ರಲ್ಲಿ ತೇಲುವುದಕ್ಕಿಂತ ಸಮಯಕ್ಕೆ ಹೆಸರು ತೆಗೆದು ಆಮೇಲೆ ನಡೆಸುವ ಎರಡನೇ ಪರೀಕ್ಷೆಯಲ್ಲಿ ಬರೆಯುವುದೇ ಜಾಣತನ. ಬಹಳಷ್ಟು ವಿಷಯಗಳಿಗೆ ಮೊದಲ ಪರೀಕ್ಷೆ ಫೆಬ್ರವರಿಯಲ್ಲಿ, ಎರಡನೆಯದು ಮಾರ್ಚ್ ಕೊನೆ ಅಥವಾ ಏಪ್ರಿಲ್ ಹೊತ್ತಿಗೆ ಇರುತ್ತದೆ. ಪಾಠ ನಿಂತಿತು ಅಂತ ಯುಗಾದಿಗೆ ಊರಿಗೆ ಹೋಗಲು ಮುಂಚಿತವಾಗಿ ಟಿಕೆಟ್ ಮಾಡಿಸಿದರೆ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಸೆಮಿಸ್ಟರಿಗೆ 30 ಕ್ರೆಡಿಟ್, ಕ್ರೆಡಿಟ್ಟಿಗೆ 30 ಗಂಟೆ ಅಂತ ಲೆಕ್ಕ ಹಾಕಿದರೆ 900 ಗಂಟೆ. ಆರು ತಿಂಗಳಿಗೆ ಹಂಚಿದರೂ ವಾರಕ್ಕೆ ಸುಮಾರು 35 ಗಂಟೆ. ಆ ‘ರಜೆ’ಯೂ ಈ ಲೆಕ್ಕದೊಳಗೇ ಇದೆ. ಮೊದಲ ಸೆಮಿಸ್ಟರಿನಲ್ಲಿ ಕೆಲಸ ಬೇಡ ಅಂದದ್ದು ಇದಕ್ಕೇ.

ಪ್ರತಿ ವಾರ ಒಂದು ಅಭ್ಯಾಸದ ಹಾಳೆ ಕೊಡುತ್ತಾರೆ. ಅನೇಕ ಕೋರ್ಸುಗಳಲ್ಲಿ ಅವುಗಳ ಒಟ್ಟು ಅಂಕದಲ್ಲಿ ಅರ್ಧ ಗಳಿಸದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ಅಸೈನ್‌ಮೆಂಟನ್ನು ಗೆಳೆಯನಿಂದ ಇಳಿಸಿಕೊಳ್ಳುವ ನಮ್ಮ ಅಭ್ಯಾಸ ಇಲ್ಲಿ ಇಬ್ಬರನ್ನೂ ಮುಳುಗಿಸುತ್ತದೆ. ಎರಡನೇ ಹಾಳೆಯಲ್ಲೇ ಒಂದು ಲೆಕ್ಕ ಬಗೆಹರಿಯದೆ ನಿಲ್ಲುತ್ತದೆ, ನಾಳೆ ತಿಳಿದೀತು ಅಂತ ಬಿಡುತ್ತೀ, ಆರನೇ ಹಾಳೆ ಹೊತ್ತಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ನನಗೆ ಇವತ್ತಿಗೂ ಉಳಿದ ಕೊರಗು ಒಂದೇ: ಮೊದಲ ಸೆಮಿಸ್ಟರ್ ಪೂರ್ತಿ ನಾನು ಒಂದು ಸಲವೂ ಕೈಯೆತ್ತಿ ಕೇಳಲಿಲ್ಲ. ಮೇಷ್ಟ್ರ ಎದುರು ಸುಮ್ಮನಿರುವುದು ನಮ್ಮಲ್ಲಿ ಮರ್ಯಾದೆ, ಇಲ್ಲಿ ಸುಮ್ಮನಿದ್ದರೆ ಅರ್ಥವಾಗಿದೆ ಅಂತ ತಿಳಿದು ಮುಂದೆ ಹೋಗುತ್ತಾರೆ. ಟ್ಯುಟೋರಿಯಲ್‌ನಲ್ಲಿ ಕೇಳು. ಅಲ್ಲಿ ಸಂಕೋಚವಾದರೆ ಪ್ರೊಫೆಸರರ ಭೇಟಿಯ ಸಮಯಕ್ಕೆ ಇಮೇಲ್ ಬರೆದು ಹೋಗು, ‘ಈ ಸಾಲಿನವರೆಗೆ ತಿಳಿಯಿತು, ಇಲ್ಲಿಂದ ತಿಳಿಯಲಿಲ್ಲ’ ಅಂತ ಹಾಳೆಯ ಮೇಲೆ ಬೆರಳಿಟ್ಟು ತೋರಿಸು. ತಿದ್ದಿದ ಉತ್ತರ ಪತ್ರಿಕೆಯನ್ನು ನೋಡಲು ಕರೆಯುವ ದಿನವೂ ಒಂದಿರುತ್ತದೆ. ಪಾಸಾಗಿದ್ದರೂ ಹೋಗು. ಗ್ರೇಸ್ ಅಂಕ ಬೇಡಲು ಅಲ್ಲ, ಎಲ್ಲಿ ತಪ್ಪಿತು ಅಂತ ಕಾಣಲು.

1623ರಲ್ಲಿ ವಿಲ್ಹೆಲ್ಮ್ ಶಿಕಾರ್ಟ್ ಲೆಕ್ಕ ಮಾಡುವ ಯಂತ್ರ ಕಟ್ಟಿದ್ದು ಈ ಊರಲ್ಲಿ. ವಿಜ್ಞಾನಿ ಮೀಶರ್ 1869ರಲ್ಲಿ ಡಿಎನ್‌ಎಯನ್ನು ಮೊದಲು ಬೇರ್ಪಡಿಸಿದ್ದು ಇಲ್ಲಿನ ಕೋಟೆಯ ಹಳೇ ಅಡುಗೆಮನೆಯಲ್ಲಿ. ಅಂಥ ಕಡೆ ನಮ್ಮ ಕಡೆಯ ಹುಡುಗ ಬರುತ್ತಿದ್ದಾನೆ ಅಂದರೆ ನನಗೆ ಹೆಮ್ಮೆಯೇ. ಆದರೂ ಬಂದ ಮೊದಲ ವಾರ ಕೋಟೆ ನೋಡಲು ಹೋಗುವ ಮುಂಚೆ ನಿನ್ನ ಕೋರ್ಸಿನ ಪರೀಕ್ಷಾ ನಿಯಮಾವಳಿಯ ಪಿಡಿಎಫ್ ಇಳಿಸಿಕೊ. ಎಷ್ಟು ಅವಕಾಶ, ಹಿಂತೆಗೆಯಲು ಎಷ್ಟು ದಿನ, ಯಾವುದು ಕಡ್ಡಾಯ, ಈ ಮೂರನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸು. ನಿಯಮಾವಳಿ ಜರ್ಮನ್‌ನಲ್ಲಿದ್ದು ತಿಳಿಯದಿದ್ದರೆ ಆ ಕಲಂಗೆ ಗುರುತು ಹಾಕಿ ನನಗೆ ಕಳಿಸು, ಇಬ್ಬರೂ ಕೂತು ಓದೋಣ.