ಬಲ ಮಣಿಕಟ್ಟು ಮುರಿದಿದೆ. ಅರ್ಧಕ್ಕೆ ನಿಂತ ಕೌದಿಯ ಕೆಲಸ ಮುಂದುವರಿಸುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ಚುಟುಕಾಗಿ ಹೇಳುವುದಾದರೆ: ಬಿದ್ದು ಬಲ ಮಣಿಕಟ್ಟಿನ ಮೂಳೆ ಮುರಿದಿದೆ, ಪ್ಲಾಸ್ಟರ್ ಹಾಕಿ ಎರಡು ವಾರವಾಯಿತು, ಇನ್ನೂ ಒಂದು ತಿಂಗಳು ಇರುತ್ತದೆ. ಎಲ್ಲ ಕೆಲಸಕ್ಕೂ ಬಲಗೈಯೇ ಬೇಕು. 12 ಇಂಚಿನ 30 ಬ್ಲಾಕ್‌ಗಳ (ಬಟ್ಟೆಯ ತುಂಡು ಜೋಡಿಸಿ ಮಾಡಿದ ಚೌಕಗಳ) ಕೌದಿಯಲ್ಲಿ 11 ಮುಗಿದಿವೆ, ಉಳಿದವಕ್ಕೆ ಬಟ್ಟೆಯನ್ನೇ ಕತ್ತರಿಸಿಲ್ಲ. ಅಷ್ಟರಲ್ಲಿ ಎಡಗೈಯಲ್ಲಿ ರೋಟರಿ ಕಟರ್ (ಸ್ಕೇಲಿನ ಅಂಚಿಗೆ ಉರುಳಿಸಿ ಬಟ್ಟೆ ಕತ್ತರಿಸುವ ದುಂಡು ಬ್ಲೇಡು) ರೂಢಿ ಮಾಡಿಕೊಳ್ಳಬಹುದೇ ಎಂದು ಕೇಳಿದ್ದೀರಿ.

ಬೇಡ. ಮಿಕ್ಕ ಮುಕ್ಕಾಲು ಪಾಲು ಕೆಲಸ ಮಾಡಬಹುದು, ಅದೊಂದು ಬೇಡ. ಕಟರ್ ಹಿಡಿಯುವ ಕೈಯಷ್ಟೇ ಮುಖ್ಯ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜವಾಗಿ ಭಾರ ಹೊರುವುದು ಸ್ಕೇಲಿನ ಮೇಲೆ ಊರಿದ ಕೈ; ಕಟರ್ ಎಡಗೈಗೆ ಹೋದರೆ ಅದು ನಿಮ್ಮ ಮುರಿದ ಬಲಗೈ. ಬೆರಳು ಹರಡಿ ಅಂಗೈಯನ್ನು ಊರಿದಾಗ ಆ ಒತ್ತಡ ನೇರವಾಗಿ ಹೋಗುವುದು ಮಣಿಕಟ್ಟಿನ ಹೆಬ್ಬೆರಳ ಬದಿಯ ರೇಡಿಯಸ್ ಮೂಳೆಯ ತುದಿಗೆ. ಬಿದ್ದಾಗ ಸಾಮಾನ್ಯವಾಗಿ ಮುರಿಯುವುದೂ ಅದೇ ಜಾಗ. ಪ್ಲಾಸ್ಟರಿನ ಅಂಚು ಅಂಗೈಯನ್ನು ಸ್ಕೇಲಿಗೆ ಸಮನಾಗಿ ಕೂರಲು ಬಿಡುವುದಿಲ್ಲ. ಸ್ಕೇಲು ಕೊನೆಯ ಮೂರು ನಾಲ್ಕು ಇಂಚಿನಲ್ಲಿ ಜಾರುತ್ತದೆ, ಬ್ಲೇಡು ಸ್ಕೇಲಿನ ಮೇಲೆ ಹತ್ತುತ್ತದೆ. ಗಾಯವಾಗುವುದು ಆಗಲೇ. ಬೆರಳು ಉಳಿದರೂ ಬಟ್ಟೆ ಕೆಡುತ್ತದೆ: ಒಂದು ಬ್ಲಾಕಿನ ಅಗಲದಲ್ಲಿ ನಾಲ್ಕು ತುಂಡಿದ್ದು, ಪ್ರತಿ ತುಂಡು 1 ಮಿ.ಮೀ. ತಪ್ಪಿದರೆ ಬ್ಲಾಕಿಗೆ 4 ಮಿ.ಮೀ., ಐದು ಬ್ಲಾಕಿನ ಸಾಲಿಗೆ 20 ಮಿ.ಮೀ. ಅಷ್ಟನ್ನು ಎಳೆದು ಸರಿದೂಗಿಸಲು ಆಗುವುದಿಲ್ಲ.

ಹಾಗಾಗಿ ಕತ್ತರಿಸುವ ಕೆಲಸವನ್ನು ಪೂರ್ತಿ ಇನ್ನೊಬ್ಬರಿಗೆ ಬಿಡಿ, ಒಂದೇ ದಿನದಲ್ಲಿ ಮುಗಿಸಿಕೊಳ್ಳಿ. ಕೌದಿ ಗೊತ್ತಿಲ್ಲದವರೂ ಮಾಡಬಲ್ಲರು, ಪಟ್ಟಿ ಸರಿಯಾಗಿ ಬರೆದುಕೊಟ್ಟರೆ ಸಾಕು. ಯಾವ ಬಟ್ಟೆ, ಎಷ್ಟು ಅಗಲದ ಎಷ್ಟು ಪಟ್ಟಿ, ಪ್ರತಿ ಪಟ್ಟಿಯಿಂದ ಯಾವ ಅಳತೆಯ ಎಷ್ಟು ತುಂಡು ಎಂದು ಬರೆಯಿರಿ. ಬಟ್ಟೆಗೆ ಮೊದಲು ಗಂಜಿ ಹಾಕಿ ಇಸ್ತ್ರಿ ಮಾಡಿಸಿ, ಬಿರುಸಾದ ಬಟ್ಟೆ ಕತ್ತರಿಸುವಾಗಲೂ ಸರಿಯುವುದಿಲ್ಲ, ಆಮೇಲೆ ನೀವು ಒಂದೇ ಕೈಯಲ್ಲಿ ಹೊಲಿಯುವಾಗಲೂ ಮುದುಡುವುದಿಲ್ಲ. 45 ಮಿ.ಮೀ. ಕಟರಿಗೆ ಹೊಸ ಬ್ಲೇಡು, ನಾಲ್ಕು ಪದರಕ್ಕಿಂತ ಹೆಚ್ಚು ಬೇಡ. ಮೊದಲ ತುಂಡನ್ನು ನೀವೇ ಅಳೆದು ನೋಡಿದ ಮೇಲೆಯೇ ಮುಂದಿನದು. ತುಂಡುಗಳನ್ನು ಬ್ಲಾಕಿಗೊಂದು ಚೀಲದಂತೆ ವಿಂಗಡಿಸಿ ಸಂಖ್ಯೆ ಬರೆದಿಡಿ.

ಕತ್ತರಿಸಿಕೊಡಲು ಯಾರೂ ಇಲ್ಲದಿದ್ದರೆ ಮೊದಲೇ ಕತ್ತರಿಸಿ ಮಾರುವ 2½ ಇಂಚಿನ ಪಟ್ಟಿ ಅಥವಾ 5 ಇಂಚಿನ ಚೌಕಗಳಿಗೆ ತಕ್ಕಂತೆ ಉಳಿದ ಬ್ಲಾಕ್‌ಗಳ ವಿನ್ಯಾಸ ಬದಲಿಸಬಹುದು. ಇವುಗಳ ಅಂಚು ಹಲವು ಸಲ ಗರಗಸದ ಹಲ್ಲಿನಂತಿರುತ್ತದೆ. ಅಳತೆ ಹಲ್ಲಿನ ತುದಿಯಿಂದಲೋ ಕಣಿವೆಯಿಂದಲೋ ಎಂದು ಒಂದು ತುಂಡು ಅಳೆದು ತಿಳಿದುಕೊಳ್ಳದೆ ಹೊಲಿಗೆಗೆ ಕೂರಬೇಡಿ.

ಕತ್ತರಿಯನ್ನು ಎಡಗೈಗೆ ಬದಲಿಸಿಕೊಂಡರಾಯಿತು ಅನ್ನುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಬಲಗೈ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಬೆರಳಿನ ಒತ್ತಡ ಅದರ ಎರಡು ಅಲಗುಗಳನ್ನು ಕೂಡಿಸುವ ಬದಲು ದೂರ ತಳ್ಳುತ್ತದೆ. ಬಟ್ಟೆ ಕತ್ತರಿಸದೆ ನಡುವೆ ಮಡಚಿಕೊಳ್ಳುತ್ತದೆ. ತಪ್ಪು ನಿಮ್ಮ ಕೈಯದ್ದಲ್ಲ. ದಾರ ತುಂಡರಿಸಲು ಸ್ಪ್ರಿಂಗ್ ಇರುವ ಚಿಕ್ಕ ಕತ್ತರಿ ಸಾಕು.

ಇನ್ನು ಮಶೀನಿನ ಹೊಲಿಗೆ. ನೇರ ಹೊಲಿಗೆಗೆ ಎಡಗೈಯೊಂದೇ ನಿಜವಾಗಿಯೂ ಸಾಕು; ಬಟ್ಟೆಯನ್ನು ಎಳೆಯುವುದು ಸೂಜಿಯ ಕೆಳಗಿನ ಹಲ್ಲುಗಳು, ಕೈಯದ್ದು ದಾರಿ ತೋರಿಸುವ ಕೆಲಸ ಮಾತ್ರ. ತೊಡಕಾಗುವುದು ಮಶೀನಿನ ರಚನೆ. ಕೈಚಕ್ರ ಬಲಗಡೆ ಇದೆ. ಸೂಜಿ ಮೇಲೆ ಕೆಳಗೆ ಮಾಡುವ ಗುಂಡಿ ಇದ್ದರೆ ಅದನ್ನೇ ಬಳಸಿ, ನಿಲ್ಲಿಸಿದಾಗ ಸೂಜಿ ಬಟ್ಟೆಯೊಳಗೇ ಇರುವಂತೆ ಹೊಂದಿಸಿ. ಗುಂಡಿ ಇಲ್ಲದಿದ್ದರೆ ಪೆಡಲಿನಿಂದ ಕಾಲು ತೆಗೆದ ಮೇಲೆಯೇ ಎಡಗೈಯನ್ನು ಅಡ್ಡ ಚಾಚಿ ಚಕ್ರವನ್ನು ನಿಮ್ಮ ಕಡೆಗೆ ತಿರುಗಿಸಿ. ಕಾಲಿನಿಂದ ತುಳಿಯುವ ಹಳೆಯ ಮಶೀನಾದರೆ ಪ್ರತಿ ಸಲ ಶುರುಮಾಡಲು ಚಕ್ರಕ್ಕೆ ಕೈ ಕೊಡಬೇಕಾಗುತ್ತದೆ. ಒಂದು ತಿಂಗಳ ಮಟ್ಟಿಗೆ ಮೋಟಾರು ಕೂಡಿಸಿಕೊಳ್ಳುವುದು ಮೇಲು. ಶುರು ಮತ್ತು ನಿಲುಗಡೆ ಗುಂಡಿಯಿಂದ ಹೊಲಿಯುವುದಾದರೆ, ಹೆಚ್ಚಿನ ಮಶೀನುಗಳಲ್ಲಿ ಪೆಡಲಿನ ತಂತಿ ಕಿತ್ತಮೇಲೆ ಮಾತ್ರ ಆ ಗುಂಡಿ ಕೆಲಸ ಮಾಡುತ್ತದೆ. ನಿಮ್ಮ ಕಾಲು ಚೆನ್ನಾಗಿರುವುದರಿಂದ ಪೆಡಲೇ ಒಳ್ಳೆಯದು, ಎಡಗೈ ಬಟ್ಟೆಯ ಮೇಲೇ ಉಳಿಯುತ್ತದೆ. ವೇಗದ ಕಡ್ಡಿಯನ್ನು ಮಾತ್ರ ಅರ್ಧಕ್ಕಿಂತ ಕೆಳಗಿಡಿ.

ಹೊಲಿಗೆಯಂಚು (ಹೊಲಿಗೆಗೂ ಬಟ್ಟೆಯ ಅಂಚಿಗೂ ನಡುವಿನ ಜಾಗ) ಕಾಲಿಂಚು ತಪ್ಪದಿರಲು ಸೂಜಿಯಿಂದ ಕಾಲಿಂಚು ಬಲಕ್ಕೆ, ಹಲ್ಲುಗಳ ಮುಂದುಗಡೆ, ಅಂಟುಚೀಟಿಗಳ ದಪ್ಪ ಕಟ್ಟೊಂದನ್ನು ಗೋಡೆಯ ಹಾಗೆ ಅಂಟಿಸಿ. ಎರಡು ಕೈಯಲ್ಲಿ ಮಾಡುತ್ತಿದ್ದ ತಿದ್ದುಪಡಿಯನ್ನು ಆ ಗೋಡೆ ಮಾಡುತ್ತದೆ. ಪರೀಕ್ಷೆ: 1½ ಇಂಚು ಅಗಲದ ಮೂರು ಪಟ್ಟಿ ಜೋಡಿಸಿ ಇಸ್ತ್ರಿ ಮಾಡಿ. ನಡುವಿನ ಪಟ್ಟಿ ಸರಿಯಾಗಿ 1 ಇಂಚು, ಒಟ್ಟು ಅಗಲ 3½ ಇಂಚು ಬರಬೇಕು. ಕಡಿಮೆ ಬಂದರೆ ಗೋಡೆಯನ್ನು ಸೂಜಿಯ ಕಡೆಗೆ ಕೂದಲೆಳೆಯಷ್ಟು ಸರಿಸಿ. ಹೊಲಿಗೆಯ ಉದ್ದ 2 ಮಿ.ಮೀ. ಇರಲಿ, ಮುಂದೆ ಇನ್ನೊಂದು ಹೊಲಿಗೆ ಅಡ್ಡ ಹಾಯುವಲ್ಲಿ ಹಿಮ್ಮುಖ ಹೊಲಿಗೆ ಬೇಕಿಲ್ಲ.

ಗುಂಡುಸೂಜಿ ಚುಚ್ಚಲು ಒಂದು ಕೈ ಬಟ್ಟೆ ಹಿಡಿದು ಇನ್ನೊಂದು ಚುಚ್ಚಬೇಕು. ಅದರ ಬದಲು ತೊಳೆದರೆ ಹೋಗುವ ಅಂಟುಕಡ್ಡಿಯನ್ನು ಹೊಲಿಗೆಯಂಚಿನ ಒಳಗೆ ಮಾತ್ರ, ಎರಡು ತುದಿಯಲ್ಲಿ ಒಂದೊಂದು ಚುಕ್ಕೆ ಹಾಕಿ ಒತ್ತಿ. ಜೋಡಿಗಳನ್ನು ಮಶೀನಿನ ಎಡಗಡೆ, ಮೊದಲು ಹೊಲಿಯಬೇಕಾದ ಅಂಚು ಬಲಕ್ಕೆ ಬರುವಂತೆ ಪೇರಿಸಿಟ್ಟುಕೊಳ್ಳಿ. ದಾರ ಕತ್ತರಿಸದೆ ಒಂದರ ಹಿಂದೆ ಒಂದನ್ನು, ನಡುವೆ ಎರಡು ಮೂರು ಹೊಲಿಗೆಯಷ್ಟು ಬಿಟ್ಟು ಸರಪಳಿಯಂತೆ ಹೊಲಿಯಿರಿ. ಕೊನೆಗೊಂದು ಚಿಂದಿ ತುಂಡು ಹೊಲಿದು ಅದನ್ನು ಸೂಜಿಯ ಕೆಳಗೇ ಬಿಡಿ; ಮುಂದಿನ ಸಲ ದಾರದ ತುದಿ ಹಿಡಿದುಕೊಳ್ಳುವ ಕೆಲಸ ತಪ್ಪುತ್ತದೆ. ಬಾಬಿನ್ (ಕೆಳದಾರದ ಪುಟ್ಟ ಉರುಳೆ) ಆರೇಳು ಸುತ್ತಿಸಿಟ್ಟುಕೊಳ್ಳಿ. ಸೂಜಿಗೆ ದಾರ ಪೋಣಿಸುವುದು ಒಂಟಿ ಕೈಗೆ ಬಹಳ ಸಿಟ್ಟು ತರಿಸುವ ಕೆಲಸ, ಹಾಗಾಗಿ ರೀಲು ಬದಲಿಸುವಾಗ ಹಳೆಯ ದಾರವನ್ನು ರೀಲಿನ ಬಳಿ ಕತ್ತರಿಸಿ, ಹೊಸದನ್ನು ಅದಕ್ಕೆ ಗಂಟುಹಾಕಿಸಿಕೊಂಡು, ಗಂಟು ಸೂಜಿಯ ಹತ್ತಿರ ಬರುವವರೆಗೆ ಎಳೆದುಕೊಳ್ಳಿ. ಗಂಟು ಸೂಜಿಗಣ್ಣಿನಲ್ಲಿ ಹೋಗುವುದಿಲ್ಲ, ಅಲ್ಲಿ ಮಾತ್ರ ಹೊಸದಾಗಿ ಪೋಣಿಸಬೇಕು.

ಹೊಲಿಗೆ ತಪ್ಪಿದರೆ ಬಿಚ್ಚುವುದಕ್ಕೆ ಮೂರನೇ ಕೈ ಮಶೀನಿನಲ್ಲೇ ಇದೆ. ಸೂಜಿ ಮೇಲೆತ್ತಿ, ಮಶೀನು ಆಫ್ ಮಾಡಿ, ಬಟ್ಟೆಯ ಒಂದು ತುದಿಯನ್ನು ಬಟ್ಟೆ ಒತ್ತಿಹಿಡಿಯುವ ಪ್ರೆಸ್ಸರ್ ಫೂಟಿನ ಕೆಳಗೆ ಸಿಕ್ಕಿಸಿ ಫೂಟನ್ನು ಇಳಿಸಿ. ಇನ್ನೊಂದು ತುದಿಯ ಮೇಲೆ ಭಾರವಾದ ಏನನ್ನಾದರೂ ಇಡಿ. ಒಂದು ಬದಿಯಲ್ಲಿ ಪ್ರತಿ ಮೂರು ನಾಲ್ಕನೇ ಹೊಲಿಗೆ ಕತ್ತರಿಸಿ, ಮಗುಚಿ, ಇನ್ನೊಂದು ಬದಿಯ ದಾರ ಎಳೆದರೆ ಪೂರ್ತಿ ಬರುತ್ತದೆ. ಇಸ್ತ್ರಿಪೆಟ್ಟಿಗೆಯನ್ನು ಎಡಗೈಯಲ್ಲಿ ಪದೇಪದೇ ಎತ್ತುವ ಬದಲು ಹೊಲಿಗೆಯನ್ನು ಮರದ ಚಿಕ್ಕ ಉರುಳೆಯಿಂದ ಒತ್ತಿ ಚಪ್ಪಟೆ ಮಾಡುತ್ತಾ ಹೋಗಿ, ಬ್ಲಾಕ್ ಮುಗಿದಾಗ ಒಮ್ಮೆ ಇಸ್ತ್ರಿ ಸಾಕು.

ಒಂದು ಸಲಕ್ಕೆ 15 ನಿಮಿಷ, ಅಲಾರಂ ಇಟ್ಟುಕೊಂಡು. ಈ ಮಿತಿ ಎಡಗೈಗೆ ದಣಿವಾಗುತ್ತದೆ ಅಂತಲ್ಲ. ತನ್ಮಯರಾಗಿ ಹೊಲಿಯುವಾಗ ಬಲಗೈ ತಾನಾಗಿ ತೊಡೆಯ ಮೇಲೆ ಜೋತುಬೀಳುತ್ತದೆ, ಬೆರಳು ಊದಿಕೊಳ್ಳುತ್ತವೆ, ಊದಿದ ಬೆರಳು ಬಿಗಿಯಾಗುತ್ತವೆ. ಮೇಜಿನ ಎತ್ತರಕ್ಕೆ ಬಲಗಡೆ ದಿಂಬು ಪೇರಿಸಿ ಮೊಣಕೈ ಸಮೇತ ಕೈಯನ್ನು ಅದರ ಮೇಲಿಡಿ. ಅಲಾರಂ ಹೊಡೆದಾಗ ಕೈಯನ್ನು ಎದೆಗಿಂತ ಮೇಲೆತ್ತಿ, ಪ್ಲಾಸ್ಟರಿನ ಹೊರಗಿರುವ ಬೆರಳುಗಳನ್ನು ಪೂರ್ತಿ ಮಡಚಿ ಪೂರ್ತಿ ಬಿಡಿಸಿ. ಬೆರಳು ಹೊರಗಿವೆಯಲ್ಲ ಎಂದು ಅವುಗಳಿಂದ ಬಟ್ಟೆಯನ್ನು ಚಿವುಟಿ ಹಿಡಿಯುವ ಆಸೆ ಬರುತ್ತದೆ. ಬಟ್ಟೆಯ ಮೇಲೆ ಹಗುರವಾಗಿ ಇಡಬಹುದು, ಹಿಡಿಯುವುದಕ್ಕೆ ವೈದ್ಯರು ಹೂಂ ಅನ್ನಬೇಕು. ಬೆರಳು ತಣ್ಣಗಾದರೆ, ನೀಲಿಗಟ್ಟಿದರೆ, ಜೋಮು ಹಿಡಿದು ಬಿಡದಿದ್ದರೆ, ನೋವು ದಿನದಿಂದ ದಿನಕ್ಕೆ ಏರಿದರೆ ಆವತ್ತೇ ವೈದ್ಯರ ಬಳಿ ಹೋಗಿ. ತೂಕಡಿಕೆ ತರುವ ನೋವಿನ ಮಾತ್ರೆ ನುಂಗಿದ ಹೊತ್ತಿನಲ್ಲಿ ಮಶೀನು, ಬ್ಲೇಡು, ಇಸ್ತ್ರಿ ಮೂರೂ ಬೇಡ.

ಪ್ಲಾಸ್ಟರ್ ತೆಗೆದ ದಿನವೇ ಕೈ ಮೊದಲಿನಂತಾಗುತ್ತದೆ ಎಂದು ಲೆಕ್ಕ ಹಾಕಿಕೊಳ್ಳಬೇಡಿ. ಮೂಳೆ ಕೂಡಿದ್ದರೂ ಮಣಿಕಟ್ಟು ಮರಗಟ್ಟಿರುತ್ತದೆ, ಹಿಡಿತ ಮರಳಲು ತಿಂಗಳುಗಳೇ ಹಿಡಿಯುತ್ತವೆ. ಈ ಹಂತದಲ್ಲಿ ಫಿಸಿಯೋ ಒಪ್ಪಿದರೆ ಕೈಹೊಲಿಗೆ ಒಳ್ಳೆಯ ಶುರು: ಬೆಚ್ಚಗಿನ ನೀರಿನಲ್ಲಿ ಐದಾರು ನಿಮಿಷ ಕೈ ಅದ್ದಿ, ಆಮೇಲೆ 1 ಇಂಚು ಬದಿಯ ಕಾಗದದ ಷಟ್ಕೋನಗಳಿಗೆ ಬಟ್ಟೆಯನ್ನು ಅಂಟಿನಿಂದ ಮಡಚಿ, ಎರಡೆರಡನ್ನು ಅಂಚು ಸುತ್ತಿ ಹೊಲಿಯುವುದು, ಹತ್ತು ನಿಮಿಷ. ಸೂಜಿ ಎಳೆಯಲು ರಬ್ಬರ್ ಗ್ಲೌಸಿನ ಬೆರಳೊಂದನ್ನು ಕತ್ತರಿಸಿ ತೋರುಬೆರಳಿಗೆ ಹಾಕಿಕೊಳ್ಳಿ. ನುಣುಪಾದ ಸೂಜಿಯನ್ನು ಬಿಗಿಯಾಗಿ ಚಿವುಟುವ ಅಗತ್ಯ ಬಹಳ ಇಳಿಯುತ್ತದೆ. ಸೂಜಿಯನ್ನು ತೂಗಿ ತೂಗಿ ಒಮ್ಮೆಗೆ ನಾಲ್ಕೈದು ಹೊಲಿಗೆ ತುಂಬುವ ಓಡುಹೊಲಿಗೆ ಮಾತ್ರ ಸದ್ಯಕ್ಕೆ ಬೇಡ, ಅದು ಪೂರ್ತಿ ಮಣಿಕಟ್ಟಿನ ಆಟ.

ಹೊಲಿಯುವಾಗ ಸ್ವಲ್ಪ ನೋವು ಬಂದು ಒಂದು ಗಂಟೆಯೊಳಗೆ ಇಳಿದರೆ ಚಿಂತೆಯಿಲ್ಲ. ಮರುದಿನ ಬೆಳಿಗ್ಗೆ ಕೈ ನಿನ್ನೆಗಿಂತ ಬಿಗಿಯಾಗಿದ್ದರೆ, ಊದಿದ್ದರೆ, ಸಮಯವನ್ನು ಅರ್ಧಕ್ಕಿಳಿಸಿ. ಕೌದಿಯವರು ಗಮನಿಸಬೇಕಾದ ಇನ್ನೊಂದಿದೆ: ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು ಹೆಬ್ಬೆರಳನ್ನು ಮೇಲೆತ್ತಲು ಇದ್ದಕ್ಕಿದ್ದಂತೆ ಆಗದಿದ್ದರೆ ಹೊಲಿದು ದಣಿದಿದೆ ಎಂದು ಸುಮ್ಮನಿರಬೇಡಿ. ಈ ಮೂಳೆ ಮುರಿದ ಕೆಲವು ವಾರಗಳ ಮೇಲೆ ಹೆಬ್ಬೆರಳನ್ನು ನೆಟ್ಟಗೆ ಮಾಡುವ ಸ್ನಾಯುರಜ್ಜು ಸವೆದು ಕಿತ್ತುಹೋಗುವುದುಂಟು.

ರೋಟರಿ ಕಟರಿಗೆ ಮರಳುವ ಮುನ್ನ, ಕೈ ಮೇಲೆ ಭಾರ ಹಾಕಲು ಅನುಮತಿ ಸಿಕ್ಕ ಮೇಲೆ, ತೂಕದ ಯಂತ್ರದ ಮೇಲೆ ಎಡಗೈಯಿಂದ ಸ್ಕೇಲು ಒತ್ತುವಷ್ಟು ಒತ್ತಿ ಎಷ್ಟು ತೋರಿಸುತ್ತದೆ ನೋಡಿ. ಬಲಗೈ ನೋವಿಲ್ಲದೆ ಅಷ್ಟನ್ನೇ ಒಂದು ನಿಮಿಷ ಒತ್ತಿ ಹಿಡಿಯಬಲ್ಲುದಾದರೆ ಎರಡು ಪದರ, 12 ಇಂಚಿಗಿಂತ ಗಿಡ್ಡ ಕತ್ತರಿಕೆಯಿಂದ ಶುರುಮಾಡಿ. ಕಟರ್ ಬಲಗೈಯಲ್ಲೇ ಹಿಡಿಯುವವರಾದರೂ ಈ ಪರೀಕ್ಷೆ ಬೇಕು, ಬ್ಲೇಡನ್ನು ಕೆಳಗೆ ಒತ್ತುವ ಬಲವೂ ಅದೇ ಮೂಳೆಯ ಮೂಲಕವೇ ಹಾಯುವುದು.

ಕೊನೆಯದು, ಎಲ್ಲಕ್ಕಿಂತ ಭಾರದ್ದು. ಮೂರು ಪದರದ ಇಡೀ ಕೌದಿಯನ್ನು ಮಶೀನಿನ ಕೆಳಗೆ ತಳ್ಳಿ ತಿರುಗಿಸುವುದಕ್ಕೆ ಈ ವರ್ಷ ಹೋಗಬೇಡಿ. ಬ್ಲಾಕ್ ಒಂದೊಂದನ್ನೇ ಬ್ಯಾಟಿಂಗ್ (ನಡುವಿನ ಮೆತ್ತನೆಯ ಪದರ) ಮತ್ತು ಅಡಿಬಟ್ಟೆಯೊಂದಿಗೆ ಹೊಲಿದು ಆಮೇಲೆ ಜೋಡಿಸಿ. ಬ್ಯಾಟಿಂಗ್ ಮತ್ತು ಅಡಿಬಟ್ಟೆ 14 ಇಂಚಿರಲಿ. ಮೇಲಿನ ಪದರವನ್ನೂ ಕೆಳಗಿನದರ ಜೊತೆಗೇ ಸಾಗಿಸುವ ವಾಕಿಂಗ್ ಫೂಟ್ ಹಾಕಿ, ಹೊಲಿಗೆಯುದ್ದ 3 ಮಿ.ಮೀ. ಇಟ್ಟು ನೇರ ಗೆರೆಗಳನ್ನು ಮಾತ್ರ ಹೊಲಿಯಿರಿ. ಹೊಲಿದಾಗ ಬ್ಲಾಕ್ ಕೊಂಚ ಕುಗ್ಗುತ್ತದೆ. ಮೂವತ್ತನ್ನೂ ಮುಗಿಸಿಕೊಂಡು, ಅತಿ ಚಿಕ್ಕದು ಎಷ್ಟಿದೆ ನೋಡಿ, ಎಲ್ಲವನ್ನೂ ಆ ಅಳತೆಗೆ ಒಟ್ಟಿಗೇ ಕತ್ತರಿಸಿಸಿ. ಆ ದಿನ ಮತ್ತೆ ಸಹಾಯಕರು ಬೇಕು.

ಜೋಡಿಸಲು ಮೇಲ್ಬದಿಗೆ 1⅛ ಇಂಚಿನ ಪಟ್ಟಿ, ಹಿಂಬದಿಗೆ 1¾ ಇಂಚಿನ ಪಟ್ಟಿಯನ್ನು ಉದ್ದಕ್ಕೆ ಮಡಚಿ ⅞ ಇಂಚು ಮಾಡಿದ್ದು. ಎರಡನ್ನೂ ಮೊದಲ ಬ್ಲಾಕಿನ ಅಂಚಿಗೆ ಒಂದೇ ಹೊಲಿಗೆಯಲ್ಲಿ ಕಾಲಿಂಚಿಗೆ ಹೊಲಿಯಿರಿ. ಮಡಚಿದ ಪಟ್ಟಿಯ ಬಿಡಿ ಅಂಚು ಬ್ಲಾಕಿನ ಅಂಚಿಗೆ ಹೊಂದಿರಬೇಕು. ಮೇಲ್ಪಟ್ಟಿಯ ಇನ್ನೊಂದು ಅಂಚನ್ನು ಎರಡನೇ ಬ್ಲಾಕಿಗೆ ಹೊಲಿದು ಬಿಡಿಸಿದರೆ ಎರಡೂ ಬ್ಯಾಟಿಂಗ್‌ಗಳ ಅಂಚು ಪಟ್ಟಿಯ ಕೆಳಗೆ ಒಂದಕ್ಕೊಂದು ತಾಗಿ ಕೂರುತ್ತವೆ: ಎರಡು ಕಾಲಿಂಚು ಸೇರಿ ಅರ್ಧ ಇಂಚು, ಪಟ್ಟಿಯಲ್ಲಿ ಉಳಿದದ್ದು ⅝ ಇಂಚು, ಆ ⅛ ಬಟ್ಟೆಯ ದಪ್ಪಕ್ಕೆ ಹೋಗುತ್ತದೆ. ಹಿಂಬದಿಯ ಪಟ್ಟಿಯಲ್ಲೂ ಹೊಲಿಗೆಯ ಮೇಲೆ ಉಳಿಯುವುದು ⅝ ಇಂಚೇ, ಅದನ್ನು ಮಗುಚಿದರೆ ಎರಡನೇ ಹೊಲಿಗೆ ಮುಚ್ಚುತ್ತದೆ. ತಾಗುವ ಬದಲು ನಡುವೆ ಟೊಳ್ಳು ಕಂಡರೆ ನಿಮ್ಮ ಹೊಲಿಗೆಯಂಚು ಕಾಲಿಂಚಿಗಿಂತ ಚಿಕ್ಕದಾಗಿದೆ. ಬ್ಯಾಟಿಂಗ್‌ಗಳು ಒಂದರ ಮೇಲೊಂದು ಏರಿದರೆ ದೊಡ್ಡದಾಗಿದೆ. ಸಾಲು ಸಾಲಾಗಿ ಮಾಡಿಕೊಂಡು ಕೊನೆಗೆ ಸಾಲುಗಳನ್ನು ಜೋಡಿಸಿ. ಇಡೀ ಭಾರ ಮಶೀನಿನ ಮೇಲೆ ಬರುವುದು ಆರು ಸಾಲು ಸೇರಿಸುವ ಆ ಕೊನೆಯ ಐದು ಜೋಡಣೆಗಳಲ್ಲಿ ಮತ್ತು ಸುತ್ತಲಿನ ಅಂಚು ಹೊಲಿಯುವಾಗ ಮಾತ್ರ. ಮಶೀನಿನ ಎಡಕ್ಕೂ ಹಿಂದಕ್ಕೂ ಅದೇ ಎತ್ತರದ ಮೇಜು ಸೇರಿಸಿಕೊಂಡರೆ ಕೌದಿ ಜೋತುಬಿದ್ದು ಎಳೆಯುವುದಿಲ್ಲ.

ಬ್ಲಾಕ್‌ಗಳು ಹೆಚ್ಚು ಕುಗ್ಗದೆ, ಸುತ್ತಲಿನ ಹೊಲಿಗೆಯಂಚು ಸೇರಿ 12½ ಇಂಚಿಗೆ ಕತ್ತರಿಸಲು ಸಿಕ್ಕರೆ 5ಕ್ಕೆ 6ರಂತೆ ಕೌದಿ ಸುಮಾರು 62½ಕ್ಕೆ 75 ಇಂಚು ಬರುತ್ತದೆ. ಸುತ್ತಳತೆ 275 ಇಂಚು. ಬೈಂಡಿಂಗಿಗೆ, ಅಂದರೆ ಅಂಚು ಮುಚ್ಚುವ ಪಟ್ಟಿಗೆ, 42 ಇಂಚು ಅಗಲದ ಬಟ್ಟೆಯಿಂದ 2½ ಇಂಚಿನ 8 ಪಟ್ಟಿಗಳನ್ನು ಆ ಮೊದಲ ಕತ್ತರಿಕೆಯ ದಿನವೇ ಸೇರಿಸಿಬಿಡಿ. ಅದನ್ನು ಮೊದಲು ಹಿಂಬದಿಗೆ ಹೊಲಿದು, ಮುಂದಕ್ಕೆ ಮಗುಚಿ, ಮೇಲಿನಿಂದ ಮಶೀನಿನಲ್ಲೇ ಹೊಲಿಯಿರಿ. 275 ಇಂಚನ್ನು ಕೈಯಲ್ಲಿ ಹೊಲಿಯುವುದು ಹಿಡಿತ ಪೂರ್ತಿ ಮರಳಿದ ಮೇಲಿನ ಮಾತು.