ರ್‍ಯಾಲಿಯಲ್ಲಿ ಮಾರ್ಷಲ್ ಆಗಿ ಹೋಗುವಾಗ ಮಗನನ್ನೂ ಕರೆದೊಯ್ಯಬಹುದೇ?

ಎಂಟು ವರ್ಷದ ಮಗನನ್ನು ಪೋಸ್ಟಿನಲ್ಲಿ, ಅಂದರೆ ಪಂದ್ಯದ ಕಾರುಗಳನ್ನು ಎಣಿಸುತ್ತ ಯಾರೂ ದಾರಿಗಿಳಿಯದಂತೆ ಮಾರ್ಷಲ್ ಕಾಯುವ ಜಾಗದಲ್ಲಿ, ಪಕ್ಕದಲ್ಲೇ ಕೂರಿಸಿಕೊಂಡರೆ ಅವನಿಗೂ ರ್‍ಯಾಲಿಯ ರುಚಿ ಹತ್ತೀತೇ ಎಂದು ಕೇಳಿದ್ದೀರಿ. ಕೂರಿಸಿಕೊಳ್ಳಬೇಡಿ. ನಾನು ಕೂರಿಸಿಕೊಂಡಿದ್ದೆ.

ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ದಾರಿಗಳಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ಪೂ ನಡೆದಿದೆ, ಏಷ್ಯಾ ಪೆಸಿಫಿಕ್ ಸುತ್ತೂ ನಡೆದಿದೆ. ಇಲ್ಲಿನ ರ್‍ಯಾಲಿಗಳಿಗೆ ನಾನು ವರ್ಷ ತಪ್ಪದೆ ಸ್ವಯಂಸೇವಕನಾಗಿ ಹೋಗುತ್ತಿದ್ದೆ. ಆ ವರ್ಷ ಒಂಬತ್ತು ತುಂಬಿದ್ದ ಮಗಳನ್ನು ಬೆಳಗಿನ ಜಾವ ಎಬ್ಬಿಸಿ, ಅಕ್ಕಿ ರೊಟ್ಟಿ ಕಟ್ಟಿಸಿಕೊಂಡು ಬೈಕಿನಲ್ಲಿ ಹೊರಟೆ. ತಿರುವಿನ ಒಳಬದಿಯ ದಿಬ್ಬದ ಮೇಲೆ, ಸಿಲ್ವರ್ ಓಕ್ ಮರದ ಹಿಂದೆ ಕೂರಿಸಿದೆ. ಹಿಡಿತ ತಪ್ಪಿದ ಕಾರು ಸಾಮಾನ್ಯವಾಗಿ ಹೊರಬದಿಗೆ ಹೋಗುತ್ತದೆ. ಹಾಗಾಗಿ ಜಾಗದ ಆಯ್ಕೆಯಲ್ಲಿ ನಾನು ತಪ್ಪಲಿಲ್ಲ.

ತಪ್ಪಿದ್ದು ಎಣಿಕೆಯಲ್ಲಿ. ರ್‍ಯಾಲಿಯಲ್ಲಿ ಕಾರುಗಳನ್ನು ಒಂದೆರಡು ನಿಮಿಷಗಳ ಅಂತರದಲ್ಲಿ ಒಂದೊಂದಾಗಿ ಬಿಡುತ್ತಾರೆ. ಮೊದಲು ಝೀರೋ ಕಾರು ಬಂದು ದಾರಿ ಖಾಲಿಯಿದೆಯೇ ಎಂದು ನೋಡುತ್ತದೆ, ಎಲ್ಲರ ಕೊನೆಗೆ ಸ್ವೀಪರ್ ಕಾರು ಬರುತ್ತದೆ. ಅದು ದಾಟುವವರೆಗೆ ಯಾರೂ ದಾರಿಗಿಳಿಯುವಂತಿಲ್ಲ. ಹೊಸಬರಿಗೆ ಇದನ್ನು ಹೇಳಿಕೊಡುತ್ತಿದ್ದವನೇ ನಾನು. ಆ ದಿನ 31 ಕಾರುಗಳು ಹೊರಟಿವೆ ಎಂದು ವಾಕಿಟಾಕಿಯಲ್ಲಿ ಕೇಳಿದ್ದೆ. ನನ್ನ ಹಾಳೆಯಲ್ಲಿ 30ಕ್ಕೆ ಗುರುತು ಬಿದ್ದಿತ್ತು. ಆಮೇಲೆ ಬಹಳ ಹೊತ್ತು ಸದ್ದಿಲ್ಲ. ತೋಟದ ಕೆಲಸದವನೊಬ್ಬ ಬಂದು, ಮೇಲೆ ಒಂದು ಕಾರು ನಿಂತುಬಿಟ್ಟಿದೆ ಎಂದ. ಹಾಗಾದರೆ ಉಳಿದದ್ದು ಅದೇ, ಇನ್ನು ಬರುವುದಿಲ್ಲ ಎಂದು ನಾನೇ ತೀರ್ಮಾನಿಸಿದೆ. ವಾಕಿಟಾಕಿ ಕೈಯಲ್ಲೇ ಇತ್ತು. ಒಂದು ಮಾತು ಕೇಳಬಹುದಿತ್ತು. ಆದರೆ ಮಗಳು ಆಗಿನಿಂದ ಬಾಯಾರಿಕೆ ಎನ್ನುತ್ತಿದ್ದಳು, ನೀರಿನ ಬಾಟಲಿ ಎದುರು ಬದಿಯಲ್ಲಿ ನಿಲ್ಲಿಸಿದ್ದ ಬೈಕಿನಲ್ಲಿತ್ತು. ನಾನೊಬ್ಬನೇ ಇದ್ದಿದ್ದರೆ ಗಂಟಲು ಒಣಗಿದರೂ ಸ್ವೀಪರ್ ಬರುವವರೆಗೆ ಕಾಯುತ್ತಿದ್ದೆ. "ಹೋಗು, ತೆಗೆದುಕೊಂಡು ಬಾ" ಎಂದೆ.

ಆ ಕಾರಿಗೆ ಆಗಿದ್ದದ್ದು ಪಂಕ್ಚರ್. ಚಕ್ರ ಬದಲಿಸಿಕೊಂಡು, ಕಳೆದ ಹೊತ್ತನ್ನು ಹಿಡಿಯಲು ಇನ್ನಷ್ಟು ಜೋರಾಗಿ ಬಂತು. ಮೇಲಿನ ಪೋಸ್ಟಿನ ಸೀಟಿ ಕೇಳಿದ್ದೇ ಅವಳು ದಾರಿಯ ನಡುವೆ ನಿಂತುಬಿಟ್ಟಳು. ಹಾರಿ, ಅವಳನ್ನು ಎಳೆದುಕೊಂಡು ಚರಂಡಿಗೆ ಬಿದ್ದೆ. ಅವಳ ಮೊಣಕೈಯ ಚರ್ಮ ಸುಲಿದುಹೋಯಿತು. ಬ್ರೇಕ್ ಒತ್ತಿದ ಕಾರು ದಿಬ್ಬಕ್ಕೆ ಬಡಿದು, ಅದರಲ್ಲಿದ್ದ ಇಬ್ಬರು ಹುಡುಗರ ರ್‍ಯಾಲಿ ಅಲ್ಲಿಗೇ ಮುಗಿಯಿತು. ಅವರು ಇಳಿದು ಬಂದು ಮೊದಲು ಕೇಳಿದ್ದು ಮಗುವಿಗೆ ಏನಾಯಿತು ಎಂದು. ನಾನು ಅವರ ಮುಖ ನೋಡಲಾರದೆ ಹೋದೆ.

2019ರಲ್ಲಿ ರಾಜಸ್ಥಾನದ ರ್‍ಯಾಲಿಯೊಂದರಲ್ಲಿ ಪಂದ್ಯದ ದಾರಿಗೆ ಬೈಕಿನಲ್ಲಿ ಬಂದ ಗಂಡ, ಹೆಂಡತಿ, ಮಗ ಮೂವರೂ ತೀರಿಕೊಂಡರು. ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರ್ಷಲ್ ಆಗುವುದಾದರೆ ಒಬ್ಬರೇ ಹೋಗಿ. ಮಗು ಜೊತೆಗಿದ್ದರೆ ಕಣ್ಣು ಮಗುವಿನ ಕಡೆಗೇ ಹೋಗುತ್ತದೆ, ಹೋಗಲೂಬೇಕು. ಮನೆಯವರು ಬರುವುದಾದರೆ ಸರ್ವೀಸ್ ಪಾರ್ಕಿಗೆ ಬರಲಿ. ಕೊಟ್ಟಷ್ಟೇ ನಿಮಿಷಗಳಲ್ಲಿ ಮೆಕ್ಯಾನಿಕ್‌ಗಳು ಕಾರಿನ ಅಡಿಗೆ ನುಗ್ಗಿ ಕೆಲಸ ಮುಗಿಸುವುದನ್ನು ನೋಡಲಿ. ಅದಕ್ಕಿಂತ ಮುಖ್ಯವಾಗಿ, ಮಗನಿಗೆ ರುಚಿ ಹತ್ತಿಸಬೇಕು ಎಂಬ ನಿಮ್ಮ ಯೋಚನೆಯನ್ನೇ ನಾನು ಒಪ್ಪುವುದಿಲ್ಲ. ಅವನು ಕೇಳಿದ್ದಾನೆಯೇ?

ಮೂರು ವರ್ಷ ನನ್ನ ಮಗಳು ಜೋರಾಗಿ ಕಾರಿನ ಸದ್ದು ಬಂದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ನಾನು ರ್‍ಯಾಲಿಯ ಮಾತೆತ್ತುವುದನ್ನೇ ಬಿಟ್ಟಿದ್ದೆ. ಒಂದು ದಿನ ನನ್ನ ಮೊಬೈಲಿನಲ್ಲಿ, ಕಾರಿನ ಒಳಗಿನಿಂದ ತೆಗೆದ ಹಳೆಯ ವಿಡಿಯೊ ನೋಡಿ ಅವಳೇ ಕೇಳಿದಳು: "ಅಪ್ಪ, ಪಕ್ಕದಲ್ಲಿ ಕೂತವರು ಏನು ಓದುತ್ತಿದ್ದಾರೆ?" ಪೇಸ್ ನೋಟ್ಸ್ ಎಂದೆ. ಯಾವ ತಿರುವು ಎಷ್ಟು ಕಡಿದು ಎಂದು ಮೊದಲೇ ದಾರಿ ನೋಡಿ ಬರೆದುಕೊಂಡು, ಸಹಚಾಲಕ ಓದಿ ಹೇಳುವ ಟಿಪ್ಪಣಿ.

ಈಗ ಮೂಡಿಗೆರೆಯ ಅಜ್ಜಿ ಮನೆಗೆ ಹೋಗುವಾಗ ಹೆಂಡತಿ ನಿಧಾನವಾಗಿ ಕಾರು ಓಡಿಸುತ್ತಾಳೆ. ಮಗಳು ಮುಂದಿನ ಸೀಟಿನಲ್ಲಿ ಕುಳಿತು ತಾನೇ ಬರೆದ ಪುಸ್ತಕ ಹಿಡಿದು, "ಬಲ ನಾಲ್ಕು, ಸೇತುವೆ, ಎಡ ಎರಡು" ಎಂದು ಓದುತ್ತಾಳೆ. ನಾನು ಹಿಂದೆ ಕುಳಿತು ಕೇಳುತ್ತೇನೆ.