ದಿನದ ಕೆಲಸದಲ್ಲಿ ಪಾಠ ಹುಡುಕುವ ಮೊದಲು ಒಂದು ಊಹೆ ಬರೆದಿಡಿ

ನೀವು ಕೇಳಿದ್ದು ಇಷ್ಟು: ದಿನಾ ಅದೇ ಕೆಲಸ, ಅದೇ ಮನೆ, ಇದರಿಂದ ಒಬ್ಬ ಮನುಷ್ಯನಾಗಿ ಬೆಳೆಯುವಂಥದ್ದು ಏನಾದರೂ ಸಿಗುತ್ತದೆಯೇ? ರಾತ್ರಿ ಡೈರಿ ಬರೆಯಲು ಕೂತರೆ "ತಾಳ್ಮೆ ಬೇಕು", "ಸಮಯ ಹಾಳು ಮಾಡಬಾರದು" ಅನ್ನುವುದಷ್ಟೇ ಬರುತ್ತಿದೆ, ಏನು ಮಾಡಲಿ?

ಸಿಗುತ್ತದೆ. ಆದರೆ "ಇವತ್ತು ಏನು ಕಲಿತೆ" ಎಂದು ರಾತ್ರಿ ಕೇಳಿಕೊಂಡರೆ ಸಿಗುವುದು ಕಷ್ಟ. ದಣಿದ ತಲೆ ಆ ಪ್ರಶ್ನೆಗೆ ಮೊದಲೇ ಗೊತ್ತಿರುವ ಬುದ್ಧಿಮಾತೊಂದನ್ನು ತೆಗೆದುಕೊಟ್ಟು ಸುಮ್ಮನಾಗುತ್ತದೆ. ತಾಳ್ಮೆ ಬೇಕು ಅನ್ನುವುದು ನಿಮಗೆ ಬೆಳಿಗ್ಗೆಯೂ ಗೊತ್ತಿತ್ತಲ್ಲ? ಹೊಸದಾಗಿ ಕಲಿಯಲು ಏನಾದರೂ ಇರುವುದು, ಹೀಗಾಗುತ್ತದೆ ಎಂದು ನೀವು ಅಂದುಕೊಂಡದ್ದಕ್ಕೂ ನಿಜವಾಗಿ ಆದದ್ದಕ್ಕೂ ನಡುವಿನ ಅಂತರದಲ್ಲಿ. ಆ ಅಂತರ ಕಾಣಬೇಕಾದರೆ ಅಂದುಕೊಂಡದ್ದು ಮೊದಲೇ ಕಾಗದದ ಮೇಲೆ ಇರಬೇಕು. ಹಾಗಾಗಿ ಡೈರಿಯ ಅರ್ಧ ಕೆಲಸವನ್ನು ರಾತ್ರಿಯಿಂದ ಬೆಳಿಗ್ಗೆಗೆ ತನ್ನಿ ಅನ್ನುವುದು ನನ್ನ ಉತ್ತರ.

ಮೊದಲೇ ಯಾಕೆ ಬರೆಯಬೇಕು, ನೆನಪಿರುವುದಿಲ್ಲವೇ ಅನ್ನಬಹುದು. ಇರುವುದಿಲ್ಲ. ಅಮೆರಿಕದ ಅಧ್ಯಕ್ಷ ನಿಕ್ಸನ್ 1972ರಲ್ಲಿ ಚೀನಾ ಮತ್ತು ಸೋವಿಯತ್ ಒಕ್ಕೂಟಕ್ಕೆ ಹೋಗುವ ಮುಂಚೆ, ಆ ಭೇಟಿಗಳಲ್ಲಿ ಯಾವ ಯಾವ ಸಂಗತಿ ಆಗುವ ಸಂಭವ ಎಷ್ಟು ಎಂದು ಕೆಲವರಿಂದ ಅಂದಾಜು ಬರೆಸಿಕೊಳ್ಳಲಾಗಿತ್ತು. ಭೇಟಿ ಮುಗಿದ ಮೇಲೆ, ನೀವು ಆಗ ಬರೆದಿದ್ದ ಅಂದಾಜು ಎಷ್ಟು ಎಂದು ಅವರನ್ನೇ ಕೇಳಿದರು. ನಿಜವಾಗಿ ನಡೆದ ಸಂಗತಿಗಳಿಗೆ, ಆಗ ಬರೆದಿದ್ದಕ್ಕಿಂತ ಹೆಚ್ಚು ಸಂಭವ ಕೊಟ್ಟಿದ್ದೆವು ಎಂದೇ ಹೆಚ್ಚಿನವರು ನೆನಪಿಸಿಕೊಂಡರು. ಮನಶ್ಶಾಸ್ತ್ರಜ್ಞರಾದ ಬರೂಕ್ ಫಿಶ್‌ಹಾಫ್ ಮತ್ತು ರುತ್ ಬೆಯ್ತ್ 1975ರಲ್ಲಿ ಇದನ್ನು ಪ್ರಕಟಿಸಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತದೆ ನಮ್ಮ ಗಾದೆ. ಮನಸ್ಸು ಅದಕ್ಕಿಂತ ಕಿಲಾಡಿ: ಒಲೆ ಮೊದಲಿನಿಂದಲೂ ಉರಿಯುತ್ತಿತ್ತು ಎಂದು ಲೆಕ್ಕ ತಿದ್ದಿಬಿಡುತ್ತದೆ. ಎಲ್ಲವೂ ಮೊದಲೇ ಗೊತ್ತಿತ್ತು ಎಂದ ಮೇಲೆ ಕಲಿಯುವುದು ಏನು ಉಳಿಯಿತು?

ಇನ್ನು ಮಾಡುವ ಬಗೆ. ಜೇಬಿನಲ್ಲಿ ಹಿಡಿಯುವ ಒಂದು ನೋಟ್‌ಬುಕ್ ಸಾಕು, ಫೋನಿನಲ್ಲಿ ಬರೆದರೂ ಅಡ್ಡಿಯಿಲ್ಲ. ಇಡೀ ದಿನವನ್ನು ಹಿಡಿಯಲು ಹೋಗಬೇಡಿ, ವಾರದೊಳಗೆ ಕೈಬಿಡುತ್ತೀರಿ. ದಿನಕ್ಕೆ ಒಂದೇ ಕೆಲಸ ಆರಿಸಿ. ಅದರ ಫಲ ಅದೇ ದಿನ, ಹೆಚ್ಚೆಂದರೆ ಅದೇ ವಾರ ಗೊತ್ತಾಗುವಂತಿರಲಿ. ಇನ್ನೊಬ್ಬ ಮನುಷ್ಯ ಅದರಲ್ಲಿದ್ದರೆ ಇನ್ನೂ ಒಳ್ಳೆಯದು: ಒಂದು ಮೀಟಿಂಗ್, ಕೊಡಬೇಕಾದ ವರದಿ, ಮಗುವಿನ ಜೊತೆ ಆಡಬೇಕಾದ ಕಷ್ಟದ ಮಾತು, ತುಂಬಾ ದಿನದಿಂದ ಮುಂದೂಡಿದ ಫೋನ್ ಕರೆ. ಕೆಲಸಕ್ಕೆ ಕೈ ಹಾಕುವ ಮೊದಲು ಎರಡು ನಿಮಿಷ, ಮುಗಿದ ಮೇಲೆ ಐದು ನಿಮಿಷ, ಇಷ್ಟೇ ಖರ್ಚು.

ಊಹೆಯಲ್ಲಿ ಮೂರು ಅಂಶ ಇರಬೇಕು: ಏನಾಗುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ, ನಿಮಗೆ ಎಷ್ಟು ಖಾತ್ರಿ. ಖಾತ್ರಿಯನ್ನು 10ಕ್ಕೆ ಇಷ್ಟು ಎಂದು ಹಾಕಿ. "ಚೆನ್ನಾಗಿ ಆಗಬಹುದು" ಎಂದು ಬರೆದರೆ ಪ್ರಯೋಜನವಿಲ್ಲ, ಯಾಕೆಂದರೆ ಅದು ಸುಳ್ಳಾಗುವುದೇ ಇಲ್ಲ. ಒಂದು ಮಾದರಿ ಹೀಗಿರುತ್ತದೆ:

ಊಹೆ: ತಿಂಗಳ ವರದಿ. 2 ಗಂಟೆ. ಮೇಲಿನವರು ಅಂಕಿಅಂಶದ ಬಗ್ಗೆಯೇ ಕೇಳುತ್ತಾರೆ. ಖಾತ್ರಿ 10ಕ್ಕೆ 8.

ಆದದ್ದು: 3 ಗಂಟೆ 20 ನಿಮಿಷ. ಅದರಲ್ಲಿ 70 ನಿಮಿಷ ಇನ್ನೊಂದು ವಿಭಾಗದ ಪಟ್ಟಿಗೆ ಕಾದದ್ದು. ಅಂಕಿಅಂಶ ಯಾರೂ ಕೇಳಲಿಲ್ಲ. "ಇದನ್ನು ನೋಡಿ ನಾವೀಗ ಏನು ತೀರ್ಮಾನ ಮಾಡಬೇಕು?" ಎಂದು ಕೇಳಿದರು.

ಇಲ್ಲಿ ಎರಡು ಅಂತರಗಳಿವೆ. ಹೊತ್ತಿನದು ಕಣ್ಣಿಗೆ ಬೇಗ ಬೀಳುತ್ತದೆ, ಎರಡನೆಯದೇ ಬೆಲೆಬಾಳುವುದು: ವರದಿ ಯಾತಕ್ಕೆ ಎಂದು ನೀವು ತಿಳಿದುಕೊಂಡದ್ದೇ ಬೇರೆ, ಓದುವವರಿಗೆ ಬೇಕಿದ್ದದ್ದೇ ಬೇರೆ. ಇಂಥದ್ದು "ಸಮಯ ಹಾಳು ಮಾಡಬಾರದು" ಅನ್ನುವ ಡೈರಿಯಲ್ಲಿ ಯಾವತ್ತೂ ಕಾಣಿಸಿಕೊಳ್ಳುವುದಿಲ್ಲ.

"ಆದದ್ದು" ಬರೆಯುವಾಗ ಹೆಚ್ಚಿನವರು ಜಾರುತ್ತಾರೆ. ಕ್ಯಾಮೆರಾ ಕಾಣುವುದನ್ನು, ಮೈಕ್ ಕೇಳುವುದನ್ನು ಮಾತ್ರ ಬರೆಯಿರಿ. "ಅವರಿಗೆ ನನ್ನ ಮೇಲೆ ಸಿಟ್ಟು" ಎಂಬುದು ನಿಮ್ಮ ತೀರ್ಪು. "ಎರಡು ಸಲ ಗಡಿಯಾರ ನೋಡಿದರು, 'ಆಮೇಲೆ ಮಾತಾಡೋಣ' ಅಂದರು" ಎಂಬುದು ನಡೆದದ್ದು. ಸಿಟ್ಟು ಎಂದು ಬರೆದರೆ ಮುಂದಿನ ದಾರಿ ಮುಚ್ಚಿತು. ಗಡಿಯಾರ ಎಂದು ಬರೆದರೆ, ಅವರಿಗೆ ಬೇರೆ ಕೆಲಸವಿತ್ತೇ, ನನ್ನ ಮಾತು ಉದ್ದವಾಯಿತೇ, ಕೇಳಿದ ಹೊತ್ತು ಸರಿಯಿರಲಿಲ್ಲವೇ ಎಂದು ಮೂರು ಬಾಗಿಲು ತೆರೆದಿರುತ್ತವೆ. ಇದನ್ನು ಆದಷ್ಟು ಬೇಗ ಬರೆಯಬೇಕು. ಜರ್ಮನ್ ಮನಶ್ಶಾಸ್ತ್ರಜ್ಞ ಹೆರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ತನ್ನದೇ ನೆನಪನ್ನು ಪರೀಕ್ಷಿಸಿ ತೋರಿಸಿದ್ದು, ಮರೆವು ಮೊದಲ ಗಂಟೆಗಳಲ್ಲೇ ಅತಿ ವೇಗವಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ ಎಂದು. ಆತ ಬಳಸಿದ್ದು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು, ನಮ್ಮ ದಿನದ ಘಟನೆಗಳು ಅಷ್ಟು ಬೇಗ ಅಳಿಸಿಹೋಗುವುದಿಲ್ಲ ನಿಜ. ಆದರೂ ಯಾರು ಯಾವ ಪದ ಬಳಸಿದರು ಅನ್ನುವುದು ಸಂಜೆಯ ಹೊತ್ತಿಗೆ ಹೋಗಿರುತ್ತದೆ, ಅವರ ಮೇಲಿನ ನಮ್ಮ ಅಭಿಪ್ರಾಯ ಮಾತ್ರ ಉಳಿದಿರುತ್ತದೆ.

ಆಮೇಲೆ ಕಾರಣ. ಕನಿಷ್ಠ ಮೂರು ಬರೆಯಿರಿ: ನಾನು ಮಾಡಿದ್ದರಲ್ಲಿ ಒಂದು, ಇನ್ನೊಬ್ಬರು ಮಾಡಿದ್ದರಲ್ಲಿ ಒಂದು, ಸಂದರ್ಭದಲ್ಲಿ ಒಂದು. ಈ ನಿಯಮ ಇಲ್ಲದಿದ್ದರೆ ಬೇರೆಯವರು ತಡ ಮಾಡಿದ್ದು ಅವರ ಸ್ವಭಾವದಿಂದ, ನಾವು ತಡ ಮಾಡಿದ್ದು ಟ್ರಾಫಿಕ್‌ನಿಂದ ಎಂದು ಲೆಕ್ಕ ಮುಗಿಯುತ್ತದೆ. ಕೆಲವರಲ್ಲಿ ಇದು ತಿರುವುಮುರುವು: ಎಲ್ಲ ತಪ್ಪೂ ತಮ್ಮದೇ. ಅವರಿಗೂ ಮೂರು ಸಾಲಿನ ನಿಯಮ ಒಳ್ಳೆಯದೇ.

"ಯಾಕೆ" ಎಂದು ಐದು ಸಲ ಕೇಳಿಕೊಳ್ಳಿ ಎಂದು ಟೊಯೊಟಾ ಕಾರ್ಖಾನೆಯ ಪದ್ಧತಿಯನ್ನು ಹಲವರು ಹೇಳುತ್ತಾರೆ. ಐದು ಎಂಬ ಸಂಖ್ಯೆಗೆ ಮಹತ್ವವಿಲ್ಲ. ನಾಳೆ ನೀವು ಬದಲಾಯಿಸಬಹುದಾದ ಒಂದು ಸಂಗತಿ ಸಿಕ್ಕಿದೊಡನೆ ನಿಲ್ಲಿಸಿ. ಮನುಷ್ಯರ ವಿಷಯದಲ್ಲಿ ಅದಕ್ಕಿಂತ ಕೆಳಗೆ ಅಗೆದರೆ ಕೊನೆಗೆ "ನಾನು ಸೋಮಾರಿ", "ನಮ್ಮ ಮನೆಯೇ ಹೀಗೆ" ಎಂಬ ತಳ ಬಂಡೆ ಸಿಗುತ್ತದೆ. ಅದನ್ನು ಕಾರಣ ಅನ್ನಲಾಗದು. ಹಣೆಪಟ್ಟಿ ಅಷ್ಟೆ, ಅದರಿಂದ ಮಾಡುವಂಥದ್ದು ಏನೂ ಹುಟ್ಟುವುದಿಲ್ಲ.

ಕೊನೆಯ ಸಾಲು ಪಾಠ. ಅದನ್ನು "ಇಂಥದ್ದು ಆದಾಗ, ಹೀಗೆ ಮಾಡುತ್ತೇನೆ" ಎಂಬ ಅಚ್ಚಿನಲ್ಲೇ ಬರೆಯಿರಿ. ಮೇಲಿನ ಉದಾಹರಣೆಗೆ: "ವರದಿಗೆ ಕೂತಾಗ, ಓದುವವರು ಮಾಡಬೇಕಾದ ತೀರ್ಮಾನವನ್ನು ಮೊದಲ ಸಾಲಿನಲ್ಲಿ ಬರೆಯುತ್ತೇನೆ." "ಬೇರೆ ವಿಭಾಗದ ಪಟ್ಟಿ ಬೇಕಿದ್ದಾಗ, ಹಿಂದಿನ ದಿನವೇ ಕೇಳುತ್ತೇನೆ." ಮನಶ್ಶಾಸ್ತ್ರಜ್ಞ ಪೀಟರ್ ಗೊಲ್‌ವಿಟ್ಸರ್ 1990ರ ದಶಕದಲ್ಲಿ ಈ ಅಚ್ಚಿನ ಮೇಲೆ ಕೆಲಸ ಮಾಡಿದವರು. ಬರೀ "ಮಾಡಬೇಕು" ಎಂದುಕೊಂಡವರಿಗಿಂತ ಯಾವಾಗ, ಎಲ್ಲಿ, ಹೇಗೆ ಎಂದು ಗೊತ್ತುಮಾಡಿಕೊಂಡವರು ಅದನ್ನು ಹೆಚ್ಚಾಗಿ ಮಾಡಿ ಮುಗಿಸುತ್ತಾರೆ. ಸಂದರ್ಭ ಎದುರಾದಾಗ ಅದೇ ನೆನಪಿಸುತ್ತದೆ, ಛಲವನ್ನು ಪ್ರತಿ ಸಲ ಹೊಸದಾಗಿ ಒಟ್ಟುಮಾಡಬೇಕಿಲ್ಲ.

ಅಂತರಕ್ಕೆ ಕಾರಣ ಮರೆವು ಎಂದಾದರೆ "ಇನ್ನು ಮುಂದೆ ಎಚ್ಚರವಾಗಿರುತ್ತೇನೆ" ಎಂದು ಮಾತ್ರ ಬರೆಯಬೇಡಿ. 1935ರ ಅಕ್ಟೋಬರ್‌ನಲ್ಲಿ ಬೋಯಿಂಗ್‌ನ ಹೊಸ ವಿಮಾನವೊಂದು ಪರೀಕ್ಷಾ ಹಾರಾಟದಲ್ಲಿ ನೆಲಕ್ಕಪ್ಪಳಿಸಿತು. ನಡೆಸುತ್ತಿದ್ದವರು ನುರಿತ ಪೈಲಟ್, ನಿಂತ ವಿಮಾನದ ಬಾಲದ ಹಲಗೆಗಳು ಗಾಳಿಗೆ ಅಲುಗಾಡದಂತೆ ಹಾಕಿದ್ದ ಬೀಗವನ್ನು ಹಾರುವ ಮುಂಚೆ ತೆಗೆಯುವುದು ಮರೆತುಹೋಗಿತ್ತು. ಅದರಿಂದ ಹೊರಬಂದದ್ದು ಪೈಲಟ್‌ಗಳ ಚೆಕ್‌ಲಿಸ್ಟ್. ಮರೆವಿಗೆ ಮದ್ದು ಪಟ್ಟಿ. ಐದಾರು ಸಾಲು, ಕೆಲಸ ನಡೆಯುವ ಜಾಗದಲ್ಲೇ ಕಣ್ಣಿಗೆ ಬೀಳುವಂತೆ. ಹದಿನೈದು ಸಾಲಿನ ಪಟ್ಟಿಯನ್ನು ಮೂರನೇ ದಿನದಿಂದ ಯಾರೂ ಓದುವುದಿಲ್ಲ.

ಬರೆದ ಪಾಠ ನಿಜವೋ ಅಲ್ಲವೋ ಎಂಬುದು ಒಂದು ಘಟನೆಯಿಂದ ತಿಳಿಯದು. ಅದನ್ನು ಮೂರು ಬೇರೆ ಬೇರೆ ಸಂದರ್ಭಗಳಲ್ಲಿ ಪ್ರಯೋಗ ಮಾಡುವವರೆಗೆ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರಲಿ. ಒಂದು ಹೊತ್ತಿಗೆ ಎರಡು ಮೂರು ಪಾಠಗಳಿಗಿಂತ ಹೆಚ್ಚು ಚಾಲ್ತಿಯಲ್ಲಿ ಬೇಡ. ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಕೂತು ಫಲಿಸದ್ದನ್ನು ಹೊಡೆದುಹಾಕಿ, ರೂಢಿಯಾದದ್ದನ್ನು ಪಟ್ಟಿಯಿಂದ ತೆಗೆಯಿರಿ. ನನಗನ್ನಿಸುವಂತೆ ಹೊಡೆದುಹಾಕುವುದೇ ಇದರಲ್ಲಿ ಮುಖ್ಯ ಭಾಗ. ಪಾಠಗಳನ್ನು ಕೂಡಿಹಾಕುವವರು ಬಹಳ ಜನ, ಪರೀಕ್ಷೆ ಮಾಡುವವರು ಕಡಿಮೆ.

ತೀರಾ ಒಂದೇ ತರಹದ ಕೆಲಸ ನಿಮ್ಮದಾದರೆ ಹೊತ್ತಿನ ಊಹೆಯಿಂದ ಶುರುಮಾಡಿ. ಕೆಲಸಕ್ಕೆ ಹಿಡಿಯುವ ಹೊತ್ತನ್ನು ನಾವು ಕಡಿಮೆಯಾಗಿಯೇ ಅಂದಾಜು ಮಾಡುತ್ತೇವೆ ಎಂದು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನ್‌ಮನ್ ಮತ್ತು ಏಮೋಸ್ ಟ್ವರ್ಸ್ಕಿ 1979ರಲ್ಲೇ ಬರೆದರು. ಒಂದೇ ಜಾತಿಯ ಕೆಲಸದ ಒಂಬತ್ತು ದಾಖಲೆ ತೆಗೆದುಕೊಳ್ಳಿ. ಪ್ರತಿಯೊಂದರಲ್ಲೂ ಹಿಡಿದ ಹೊತ್ತನ್ನು ಊಹಿಸಿದ ಹೊತ್ತಿನಿಂದ ಭಾಗಿಸಿ. ಬಂದ ಒಂಬತ್ತು ಸಂಖ್ಯೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ಐದನೆಯದನ್ನು ಹಿಡಿಯಿರಿ. ಅದು 1.6 ಆಗಿದ್ದರೆ, ಮುಂದೆ 2 ಗಂಟೆ ಅನ್ನಿಸಿದ ಕೆಲಸಕ್ಕೆ ಸುಮಾರು 3 ಗಂಟೆ 10 ನಿಮಿಷ ಎಂದೇ ಮಾತು ಕೊಡಿ. ಸರಾಸರಿ ತೆಗೆಯಬೇಡಿ, ಕೆಟ್ಟದ್ದೊಂದು ದಿನ ಇಡೀ ಲೆಕ್ಕ ಕೆಡಿಸುತ್ತದೆ. ಬರೆಯುವ ಕೆಲಸ, ಕಾಯುವ ಕೆಲಸ, ಜನರ ಜೊತೆಗಿನ ಕೆಲಸ ಇವನ್ನು ಒಂದೇ ಲೆಕ್ಕಕ್ಕೆ ಸೇರಿಸುವುದೂ ಬೇಡ.

ಮನೆಯ ವಿಷಯಕ್ಕೆ ಬಂದರೆ, ಮರುಕಳಿಸುವ ಜಗಳಗಳಲ್ಲಿ ಜಗಳದ ವಿಷಯಕ್ಕಿಂತ ಜಗಳದ ಹೊತ್ತು ಹೆಚ್ಚು ಹೇಳುತ್ತದೆ. ಎಷ್ಟು ಗಂಟೆಗೆ, ಹಿಂದಿನ ರಾತ್ರಿ ನಿದ್ದೆ ಎಷ್ಟು, ಹಸಿವಿತ್ತೇ, ಅದಕ್ಕೆ ಮುಂಚಿನ ಅರ್ಧ ಗಂಟೆ ಯಾರು ಏನು ಮಾಡುತ್ತಿದ್ದರು: ಮೂರು ನಾಲ್ಕು ವಾರ ಇಷ್ಟೇ ಬರೆಯಿರಿ. ಜಗಳವೆಲ್ಲ ಹೊರಗಿನಿಂದ ಬಂದ ಮೊದಲ ಹದಿನೈದು ನಿಮಿಷದಲ್ಲೇ ಎಂದು ಕಂಡುಬಂದರೆ, ಪರಿಹಾರ ಸ್ವಭಾವ ತಿದ್ದುವುದಕ್ಕಿಂತ ಬಹಳ ಸಣ್ಣದು: ಆ ಹದಿನೈದು ನಿಮಿಷ ದೊಡ್ಡ ಮಾತು ಎತ್ತಬಾರದು.

ಬೇರೆಯವರಿಂದ ತಿಳಿಯಬೇಕಿದ್ದರೆ "ಹೇಗಿತ್ತು?" ಎಂದು ಕೇಳಬೇಡಿ, "ಚೆನ್ನಾಗಿತ್ತು" ಎಂಬ ಉತ್ತರಕ್ಕೆ ಅದು ಆಹ್ವಾನ. "ಮುಂದಿನ ಸಲ ಒಂದೇ ಒಂದು ಬದಲಾಯಿಸಬೇಕು ಅಂದರೆ ಯಾವುದು?" ಎಂದು ಅದೇ ದಿನ ಕೇಳಿ. ಉತ್ತರಕ್ಕೆ ಸಮಜಾಯಿಷಿ ಕೊಟ್ಟರೆ ಎರಡನೇ ಸಲ ಅವರು ನಿಜ ಹೇಳುವುದಿಲ್ಲ.

ಸರಿಹೋದ ಕೆಲಸವನ್ನೂ ಬರೆಯಿರಿ, ಕೂದಲೆಳೆಯಲ್ಲಿ ತಪ್ಪಿಸಿಕೊಂಡದ್ದನ್ನಂತೂ ಬಿಡಲೇಬೇಡಿ. ಅಮೆರಿಕದಲ್ಲಿ 1976ರಿಂದ ನಾಸಾ ನಡೆಸುತ್ತಿರುವ ಒಂದು ವ್ಯವಸ್ಥೆ, ಅಪಘಾತ ಆಗದೆ ಉಳಿದ ಸಂದರ್ಭಗಳನ್ನೂ ಪೈಲಟ್‌ಗಳಿಂದ ವರದಿ ಮಾಡಿಸಿಕೊಳ್ಳುತ್ತದೆ. ನಷ್ಟವಿಲ್ಲದೆ ಸಿಗುವ ಪಾಠ ಅದೊಂದೇ. ಫಲ ಕೆಟ್ಟದಾಯಿತು ಎಂದ ಮಾತ್ರಕ್ಕೆ ತೀರ್ಮಾನ ಕೆಟ್ಟದೆಂದೂ ಅಲ್ಲ. ಆಗ ಗೊತ್ತಿದ್ದ ಸಂಗತಿಗಳಿಗೆ ಸರಿಯಾಗಿ ನಡೆದಿದ್ದರೆ, "ಅದೃಷ್ಟ" ಎಂದು ಬರೆದು ಮುಂದೆ ಹೋಗಿ.

ಎಲ್ಲದರಲ್ಲೂ ಪಾಠ ಇರಲೇಬೇಕು ಎಂಬ ಹಟ ಬೇಡ. ಸಾವು, ಕಾಯಿಲೆ, ಯಾರದೋ ಮೋಸ, ಇವುಗಳ ಮೊದಲ ದಿನಗಳಲ್ಲಿ ನೋಟ್‌ಬುಕ್ ಮುಚ್ಚಿಡಿ. ಸಾಮಾನ್ಯ ದಿನಗಳಲ್ಲೂ, ಬರೆಯುತ್ತಾ ಹೋದಂತೆ ಹೊಸ ಸಂಗತಿ ಒಂದೂ ಬರದೆ "ನನಗೇ ಯಾಕೆ ಹೀಗೆ" ಎಂಬುದೇ ಎರಡು ಪುಟ ತುಂಬಿದರೆ ಅದು ಕೊರಗು, ನಿಲ್ಲಿಸಿ. ಮತ್ತೆ ಬರೆಯುವಾಗ "ನಾನು" ಬಿಟ್ಟು ನಿಮ್ಮ ಹೆಸರು ಹಿಡಿದು, ಬೇರೆ ಯಾರದೋ ಕತೆಯ ಹಾಗೆ ಬರೆದು ನೋಡಿ, ಸ್ವಲ್ಪ ದೂರ ಸಿಗುತ್ತದೆ. ಎರಡು ವಾರವಾದರೂ ನಿದ್ದೆ, ಹಸಿವು, ಕೆಲಸದ ಆಸಕ್ತಿ ಕೆಟ್ಟೇ ಇದ್ದರೆ ಅದು ಡೈರಿಯ ವಿಷಯವಲ್ಲ, ವೈದ್ಯರನ್ನು ಕಾಣಬೇಕು.

ಒಂದು ಸಣ್ಣ ವಿಷಯ ಉಳಿದಿದೆ. ಸಹೋದ್ಯೋಗಿಗಳ ಬಗ್ಗೆ, ಮನೆಯವರ ಬಗ್ಗೆ ಬರೆಯುವಾಗ ಹೆಸರಿನ ಬದಲು ಒಂದು ಅಕ್ಷರ ಹಾಕಿ, ಆಫೀಸಿನ ಕಂಪ್ಯೂಟರಿನಲ್ಲಿ ಇದನ್ನು ಇಡಬೇಡಿ. ಯಾರಾದರೂ ಓದಿಯಾರು ಎಂಬ ಅಳುಕಿದ್ದರೆ "ಆದದ್ದು" ಸಾಲು ತಾನಾಗಿಯೇ ನಯವಾಗುತ್ತದೆ, ಗಡಿಯಾರ ನೋಡಿದ್ದು ಬಿಟ್ಟುಹೋಗುತ್ತದೆ.